ಹೊಳೆಯುವ ತಟ್ಟೆಗೆ ಹಚ್ಚಿದ ಕುಂಕುಮ

ಹೆದರಲು ನನಗೆ ಯಾವ ಕಾರಣವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಿಗ್ಗಾಂವಿಯಲ್ಲಿ ಔಷಧ ಅಂಗಡಿ ಇಟ್ಟವನು ನಾನು. ಊರಿನ ಅರ್ಧ ಜನ ತಮ್ಮ ಬಿ.ಪಿ., ಸಕ್ಕರೆ, ಎದೆ ಡವಡವ ಎಲ್ಲವನ್ನೂ ನನ್ನ ಕೌಂಟರಿನ ಮೇಲಿಟ್ಟು, ಗುಳಿಗೆಯ ಜೊತೆಗೆ ಒಂದಿಷ್ಟು ಧೈರ್ಯವನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಹೆಸರು ವೀರಣ್ಣ. ಇಲಿ ಕಂಡರೆ ಸ್ಟೂಲು ಹತ್ತುತ್ತೇನೆ, ಖರೆ. ಆದರೆ ಅದು ಮನೆಯೊಳಗಿನ ಮಾತು.

ನಮ್ಮದೊಂದು ಗುಡ್ಡದ ಸೈಕಲ್ಲಿನ ಸಂಘವಿದೆ. ಸದಸ್ಯರು ಮೂವರು. ಸವಣೂರಿನಿಂದ ಬಂದು ನಮ್ಮೂರಲ್ಲಿ ಹಲ್ಲಿನ ದವಾಖಾನೆ ಇಟ್ಟ ಡಾಕ್ಟರ್ ಕುಲಕರ್ಣಿ, ಹೈಸ್ಕೂಲಿನ ಡ್ರಿಲ್ ಮಾಸ್ತರ ಬಸಣ್ಣ, ಮತ್ತು ನಾನು. ರವಿವಾರ ಬೆಳಿಗ್ಗೆ ಬಂಕಾಪುರದವರೆಗೆ ಸೈಕಲ್ ಹೊಡೆದು, ಅಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಮಿರ್ಚಿ ಮಂಡಕ್ಕಿ ತಿನ್ನುತ್ತ ಗುಡ್ಡಗಳ ಬಗ್ಗೆ ಗಂಭೀರವಾಗಿ ಚರ್ಚಿಸುವುದು ಸಂಘದ ಮುಖ್ಯ ಕಾರ್ಯಕ್ರಮ. ಬಂಕಾಪುರದ ರಸ್ತೆ ಅಂಗೈಯಷ್ಟು ಸಪಾಟಾಗಿದೆ. ಅದಕ್ಕೇ ನಮಗೆ ಗುಡ್ಡಗಳ ಬಗ್ಗೆ ಅಷ್ಟೊಂದು ಧೈರ್ಯ!

“ಮೋಟಾರ ಪೆಡಲಿನ ನಡುವನ ಇರಬೇಕ್ರಿ,” ಎಂದು ಕುಲಕರ್ಣಿಯವರು ಮಿರ್ಚಿಯ ತೊಟ್ಟಿನಿಂದ ಮೇಜಿನ ಮೇಲೆ ಚಿತ್ರ ಬರೆಯುತ್ತಿದ್ದರು. “ಹಿಂದಿನ ಗಾಲಿಯೊಳಗ ಇದ್ರ ಏರಿನ್ಯಾಗ ದಮ್ಮ ಸಾಲೂದಿಲ್ಲ. ಈಗ ಎಲ್ಲಾರೂ ಕರೆಂಟಿನ ಸೈಕಲ್ಲಿಗೇ ಹೊಂಟಾರ.”

“ಮೋಟಾರ ಹಾಕ್ಕೊಂಡು ಗುಡ್ಡಾ ಹತ್ತೂದಂದ್ರ ಲಿಫ್ಟಿನ್ಯಾಗ ನಿಂತು ಮೆಟ್ಲಾ ಹತ್ತಿದೆ ಅಂದಂಗ ಆತು,” ಎಂದು ಬಸಣ್ಣ ಮಾಸ್ತರ ಗುಡುಗುತ್ತಿದ್ದರು. “ಎಲ್ಲಾ ಟೈರಿನ್ಯಾಗ ಐತ್ರಿ! ಅಗಲ ಟೈರ್, ಬಟನ್ ಟೈರ್. ಗಾಳಿ ಸ್ವಲ್ಪ ಕಮ್ಮಿ ಇಟ್ರ ಗೋಡಿ ಮ್ಯಾಲೂ ಹೋಗ್ತೈತಿ.”

ಮಾತು ಮುಂಗಾರಿನಿಂದ ದಸರೆಯ ಹಿಂದಿನ ವಾರದವರೆಗೆ ನಡೆಯಿತು. ಇಬ್ಬರಿಗೂ ಬೇಸರವಾಗಬಾರದೆಂದು ನಾನು ಎರಡೂ ಇದ್ದ ಸೈಕಲ್ಲನ್ನು ಹುಬ್ಬಳ್ಳಿಯಿಂದ ತಂದೆ. ಪೆಡಲಿನ ನಡುವೆ ಮೋಟಾರು, ಎಮ್ಮೆಯ ಕುತ್ತಿಗೆಯಷ್ಟು ದಪ್ಪದ, ಮೈತುಂಬ ಉಬ್ಬುಗಳಿದ್ದ ಬಟನ್ ಟೈರು. ಬ್ರೇಕಿನ ಬಗ್ಗೆ ಮಾತ್ರ ಅಷ್ಟು ದಿನದಲ್ಲಿ ಯಾರೂ ಒಂದಕ್ಷರ ಆಡಿರಲಿಲ್ಲ. ನಿಲ್ಲುವುದಕ್ಕೆಂದು ಯಾರಾದರೂ ಸೈಕಲ್ ಕೊಳ್ಳುತ್ತಾರೆಯೇ!

ನನ್ನ ಹೆಂಡತಿ ಸುಮಂಗಲಾ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಈ ವಯಸ್ಸಿನ್ಯಾಗ ಗುಡ್ಡಾ ಹತ್ತಿ ಯಾರಿಗೆ ತೋರಸ್ಬೇಕ್ರಿ? ಹಾಳಾಗಿ ಹೋಗ್ಲಿ, ತಂದೀರಿ. ಆದ್ರ ಒಂದ್ ಮಾತು. ನಿಮ್ಮ ಮೈಮ್ಯಾಲೆ ಒಂದ್ ಹನಿ ರಕ್ತ ಕಂಡ್ರ ಮರುದಿನಾನ ಈ ಗಾಡಿ ಹಿರೇಕೆರೂರಿಗೆ ಹೋಗ್ತೈತಿ. ನಮ್ಮ ಮಂಜು ಹಾಲಿನ ಕ್ಯಾನ್ ಕಟ್ಟಾಕ ಇಂಥಾದ್ದ ಬೇಕಂತ ಕುಂತಾನ.”

ಮಂಜು ಅವಳ ತಮ್ಮ. ಹಿರೇಕೆರೂರಿನಲ್ಲಿ ಎಮ್ಮೆ ಕಟ್ಟಿದ್ದಾನೆ. ನಾನು ಸೈಕಲ್ಲಿನ ಫೋಟೋ ಕಳಿಸಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಮಾವಾರ, ಎರಡೂ ಬಾಜೂಕ ಕ್ಯಾನ್ ಕುಂಡ್ರತಾವೇನ್ರಿ?” ಅಂದಿನಿಂದ ನನಗೆ ಎರಡು ಭಯ. ಬೀಳುವ ಭಯ ಒಂದು ಕಡೆ, ಬಿದ್ದರೆ ಸೈಕಲ್ ಹಾಲಿಗೆ ಹೋಗುವ ಭಯ ಇನ್ನೊಂದು ಕಡೆ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಮನೆಯ ಸ್ಕೂಟರು, ಅಂಗಡಿಯ ತಕ್ಕಡಿ, ಈಳಿಗೆ, ಮಿಕ್ಸರು ಎಲ್ಲಕ್ಕೂ ವಿಭೂತಿ ಎಳೆದು ಸುಮಂಗಲಾ ಸೈಕಲ್ಲಿನ ಮುಂದೆ ಬಂದು ನಿಂತಳು. ಚೆಂಡುಹೂವಿನ ಮಾಲೆ ಹ್ಯಾಂಡಲ್ಲಿಗೆ ಹೋಯಿತು. ನಿಂಬೆಹಣ್ಣು ಗಾಲಿಯ ಕೆಳಗೆ ಹೋಯಿತು. ಕುಂಕುಮದ ಬಟ್ಟಲು ಹಿಡಿದು ಅವಳು ಕೇಳಿದಳು, “ಇದಕ್ಕ ಹಣಿ ಎಲ್ಲೈತ್ರಿ? ಬರೇ ಕೊಳವಿಗಳ ಕಾಣ್ತಾವು.”

ನಾನು ಗಾಲಿಯ ನಡುವೆ ಫಳಫಳ ಹೊಳೆಯುವ ಉಕ್ಕಿನ ತಟ್ಟೆಯನ್ನು ತೋರಿಸಿದೆ. “ನೋಡು, ಕಂಪನಿಯವರು ಪೂಜಾಕ್ಕಂತನ ತಟ್ಟಿ ಕೊಟ್ಟಾರ. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು.”

ಕುಂಕುಮ ನಿಲ್ಲಲಿಲ್ಲ. ನುಣ್ಣನೆಯ ಉಕ್ಕಿನ ಮೇಲಿಂದ ಪುರುಪುರು ಉದುರಿತು. ಇಂಥ ಸಮಯದಲ್ಲಿ ವಿದ್ಯೆ ಸುಮ್ಮನೆ ಕೂಡುತ್ತದೆಯೇ? ಫಾರ್ಮಸಿ ಓದಿದವನು ನಾನು! “ಒಣಾ ಪುಡಿ ಎಲ್ಲೂ ನಿಲ್ಲೂದಿಲ್ಲ. ಮುಲಾಮಿನಂಗ ಕಲಸಬೇಕು,” ಎಂದು ಸಕಲ ಶಾಸ್ತ್ರೋಕ್ತವಾಗಿ ಕೊಬ್ಬರಿ ಎಣ್ಣೆ ಹಾಕಿ, ಕೈಯಾರೆ ಕುಂಕುಮ ಅರೆದು, ಎರಡೂ ತಟ್ಟೆಗಳಿಗೆ ಸುತ್ತಲೂ ಧಾರಾಳವಾಗಿ ಬಳಿದೆ. ಎಂಥ ಕಳೆ ಬಂತೆಂದರೆ ಸುಮಂಗಲಾ ಕೈಮುಗಿದಳು. ಅವಳ ಮುಖದಲ್ಲಿ ಮೊದಲ ಬಾರಿ ನನ್ನ ಓದಿನ ಬಗ್ಗೆ ಗೌರವ ಕಂಡೆ.

ಮರುದಿನ ಮೂವರೂ ತಡಸದ ಕಡೆಗೆ ಹೊರಟೆವು. ಅಲ್ಲೊಂದು ಗುಡ್ಡ, ಗುಡ್ಡದ ತುದಿಗೆ ಹನುಮಪ್ಪನ ಗುಡಿ, ಗುಡಿಯವರೆಗೆ ಕೆಮ್ಮಣ್ಣಿನ ದಾರಿ. ದಾರಿಯಲ್ಲಿ ಬ್ರೇಕಿನ ಗೊಡವೆಗೇ ನಾನು ಹೋಗಲಿಲ್ಲ. ಹೊಸ ಬ್ರೇಕು ಸವೆಯಬಾರದೆಂದು ನಿಲ್ಲಬೇಕಾದಲ್ಲೆಲ್ಲ ಚಪ್ಪಲಿ ಉಜ್ಜಿಯೇ ನಿಲ್ಲಿಸಿದೆ. ಮೋಟಾರು ಗುಂಯ್ ಎಂದು ನನ್ನನ್ನು ಗುಡ್ಡ ಹತ್ತಿಸಿತು. ಡ್ರಿಲ್ ಮಾಸ್ತರ ಹಿಂದೆ ಸೈಕಲ್ ತಳ್ಳುತ್ತ, ಏದುಸಿರು ಬಿಡುತ್ತ ಬರುತ್ತಿದ್ದುದನ್ನು ತಿರುತಿರುಗಿ ನೋಡಿದೆ. ಜೀವನದಲ್ಲಿ ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ತುದಿಯಲ್ಲಿ ನಿಂತು ಕೆಳಗೆ ನೋಡಿದೆ.

ಹತ್ತುವಾಗ ಅಷ್ಟು ಸಣ್ಣದಿದ್ದ ಗುಡ್ಡ ಇಳಿಯುವಾಗ ಇಷ್ಟು ದೊಡ್ಡದು ಹೇಗಾಯಿತೋ ಗೊತ್ತಿಲ್ಲ! “ಡಾಕ್ಟರ, ನಾವು ನಡಕೊಂತ ಇಳಿದ್ರ ಹೆಂಗ್ರಿ? ಗಾಳಿ ಛಲೋ ಐತಿ,” ಎಂದೆ.

“ಹೆದರಿದ್ರೇನ್ರಿ ವೀರಣ್ಣಾರ?” ಎಂದರು ಕುಲಕರ್ಣಿ.

“ನಾನಾ? ಹೆದರೂದಾ?” ಎಂದು ಸೈಕಲ್ ಹತ್ತಿದೆ. ಈ ಒಂದು ಪ್ರಶ್ನೆಗೆ ಖರೆ ಉತ್ತರ ಹೇಳುವ ಗಂಡಸರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಸೈಕಲ್ ಮೆಲ್ಲಗೆ ಉರುಳಿತು. ಮೆಲ್ಲಗೆ ಬ್ರೇಕು ಹಿಡಿದೆ. ಏನೂ ಆಗಲಿಲ್ಲ. ಗಟ್ಟಿಯಾಗಿ ಹಿಡಿದೆ. ಏನೂ ಆಗಲಿಲ್ಲ. ಬೆಣ್ಣೆಯ ಮುದ್ದೆ ಹಿಂಡಿದ ಹಾಗೆ ಹಿಡಿಕೆ ಕೈಯೊಳಗೆ ಬಂತು, ಗಾಲಿ ಮಾತ್ರ ತನ್ನ ಪಾಡಿಗೆ ತಾನು ಹೊರಟಿತು. ಚಪ್ಪಲಿ ಉಜ್ಜಿದೆ, ಒಂದು ಚಪ್ಪಲಿ ಹನುಮಪ್ಪನ ಗುಡಿಯ ಬಳಿಯೇ ಉಳಿಯಿತು. ಗಾಬರಿಯಲ್ಲಿ ಎರಡೂ ಕಾಲಿನಿಂದ ಪೆಡಲ್ ತುಳಿದೆ. ನಾನು ತುಳಿದದ್ದು ಜೀವಭಯದಿಂದ. ಮೋಟಾರು ಅದನ್ನು ಉತ್ಸಾಹವೆಂದು ತಿಳಿದು ತನ್ನ ಕೈಲಾದ ಸಹಾಯ ಮಾಡಿತು!

“ಯವ್ವಾ! ಸತ್ತೆ!” ಎಂದು ಕೂಗಿದೆ. ಹಿಂದಿನಿಂದ ಬಸಣ್ಣ ಮಾಸ್ತರ, “ಟೈರ್ ನಂಬ್ರಿ! ಟೈರ್ ನಂಬ್ರಿ!” ಎಂದು ಕೂಗುವುದು ಕೇಳಿಸಿತು. ಟೈರು ನಂಬಿಕೆಗೆ ಅರ್ಹವಾಗಿಯೇ ಇತ್ತು. ಕಲ್ಲು, ಕೊರಕಲು, ಬೇರು ಯಾವುದಕ್ಕೂ ಜಾರದೆ ನೆಲವನ್ನು ಕಚ್ಚಿಕೊಂಡು, ಒಂಚೂರೂ ಅತ್ತಿತ್ತ ಆಗದೆ, ನನ್ನನ್ನು ನೆಟ್ಟಗೆ ಸಾವಿನ ಕಡೆಗೆ ಒಯ್ಯುತ್ತಿತ್ತು. ಜಾರಿದ್ದರೆ ಮೇಲೆಯೇ ಬಿದ್ದು ಬದುಕುತ್ತಿದ್ದೆ. ಕಣ್ಣ ಮುಂದೆ ಸುಮಂಗಲಾ ಬಂದಳು. ಅವಳ ಹಿಂದೆ ಹಾಲಿನ ಕ್ಯಾನುಗಳು ಬಂದವು. ಸಾಯುವ ಹೊತ್ತಿನಲ್ಲಿ ದೇವರು ನೆನಪಾಗಬೇಕಂತೆ. ನನಗೆ ಮಂಜು ನೆನಪಾದ.

ಗುಡ್ಡದ ಬುಡದಲ್ಲಿ ಡಾಂಬರು ರಸ್ತೆ. ಸುಗ್ಗಿಯ ಕಾಲವಾದ್ದರಿಂದ ರಸ್ತೆಯ ಅರ್ಧಕ್ಕೆ ಕಲ್ಲಿಟ್ಟು ಗೋವಿನಜೋಳ ಒಣಹಾಕಿದ್ದರು. ಒಬ್ಬ ಅಜ್ಜಿ ಅದನ್ನೆಲ್ಲ ಒಟ್ಟುಮಾಡಿ, ಚೀಲಕ್ಕೆ ತುಂಬಲೆಂದು ಎದೆಯೆತ್ತರ ರಾಶಿ ಹಾಕಿ, ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಳು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಸೊಂಟದವರೆಗೆ ಗೋವಿನಜೋಳದಲ್ಲಿ ಹುಗಿದುಹೋಗಿದ್ದೆ. ಸೈಕಲ್ಲು ಪಕ್ಕದಲ್ಲಿ ಮಲಗಿತ್ತು.

ಅಜ್ಜಿ ಎದ್ದುಬಂದು ನನ್ನ ಮುಖ ನೋಡಿದಳು. “ಜೀಂವಾ ಐತೇನೋ ತಮ್ಮಾ?”

“ಐತಿ ಅನ್ನಸ್ತೈತಿ, ಯವ್ವಾ.”

“ಹಂಗಾರ ಏಳು. ರಾಶಿ ತುಳೀಬ್ಯಾಡ.”

ಏಳಲೆಂದು ಕಾಲು ಹೊರಗೆಳೆದೆ. ಮೀನಖಂಡದಿಂದ ಹಿಮ್ಮಡಿಯವರೆಗೆ ಕಾಲೆಲ್ಲ ಕೆಂಪು! ಒಂದು ಹನಿಯಲ್ಲ, ಒಂದು ಬಟ್ಟಲು! “ಹೋತು! ಕಾಲು ಹೋತು! ಗಾಡೀನೂ ಹೋತು!” ಎಂದು ಅತ್ತೇಬಿಟ್ಟೆ. ಅಷ್ಟರಲ್ಲಿ ಮಿತ್ರರು ಬಂದರು. ಊರಿನ ಹುಡುಗರನ್ನೆಲ್ಲ ಬಿಸಿಲಲ್ಲಿ ಓಡಿಸುವ ಬಸಣ್ಣ ಮಾಸ್ತರ ನನ್ನ ಕಾಲು ನೋಡಿ, “ರಕ್ತ...” ಎಂದಷ್ಟೇ ಹೇಳಿ, ರಾಶಿಯ ಇನ್ನೊಂದು ಬದಿಗೆ ಮೆಲ್ಲಗೆ ಒರಗಿಬಿಟ್ಟರು. ಅಜ್ಜಿ ಅವರ ಮುಖಕ್ಕೆ ನೀರು ಚಿಮುಕಿಸಿದಳು.

ಕುಲಕರ್ಣಿಯವರು ಹಲ್ಲಿನ ಡಾಕ್ಟರಾದರೂ ಡಾಕ್ಟರೇ. ಬಗ್ಗಿ, ಬೆರಳಿನಿಂದ ನನ್ನ ಕಾಲು ಮುಟ್ಟಿದರು. ಮೂಸಿದರು. ಮತ್ತೊಮ್ಮೆ ಮೂಸಿದರು.

“ವೀರಣ್ಣಾರ, ನಿಮ್ಮ ರಕ್ತಕ್ಕ ಕೊಬ್ಬರಿ ಎಣ್ಣಿ ವಾಸನಿ ಬರ್ತದಲ್ರಿ?”

ನಾನು ಅಳು ನಿಲ್ಲಿಸಿದೆ. ಅವರು ಸೈಕಲ್ಲಿನ ಗಾಲಿ ತಿರುಗಿಸಿ, ಹೊಳೆಯುವ ತಟ್ಟೆಗೆ ಬೆರಳು ಹಚ್ಚಿ, ನನ್ನ ಮುಖ ನೋಡಿದರು. “ಇದಕ್ಕ ಯಾರ್ರೀ ಎಣ್ಣಿ ಹಚ್ಚಿದವ್ರು? ಇದ ಬ್ರೇಕಲ್ರಿ! ಈ ತಟ್ಟಿ ಹಿಡದ ಗಾಡಿ ನಿಲ್ಲಬೇಕು. ಇದಕ್ಕ ಎಣ್ಣಿ ಹಚ್ಚೂದಂದ್ರ ಜಾರೋ ಬಂಡಿಗೆ ಸಾಬೂನ ಹಚ್ಚಿದಂಗ!”

ನಾನು ಗುಡಿಸಲು ಬಗ್ಗಿದೆ. ಅಜ್ಜಿ ಕಸಬರಿಗೆ ಕೊಟ್ಟಿದ್ದಳು, ಚೆಲ್ಲಿದ ಗೋವಿನಜೋಳ ಗುಡಿಸುವ ಕೆಲಸ ಬಹಳ ಇತ್ತು.

ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಮಾತಿನ ಪ್ರಕಾರ ಸೈಕಲ್ ನನ್ನದೇ! ಏನೂ ಆಗಿಲ್ಲದವನ ಮುಖ ಮಾಡಿಕೊಂಡು ಮನೆಯ ಹೊಸ್ತಿಲು ದಾಟಿ ಹೆಲ್ಮೆಟ್ ತೆಗೆದೆ. ಪಟಪಟ ಪಟಪಟ. ಹೆಲ್ಮೆಟ್ಟಿನ ಕಿಂಡಿಗಳಿಂದ ಗೋವಿನಜೋಳ ಉದುರಿತು. ಬಗ್ಗಿದೆ, ಅಂಗಿಯ ಜೇಬಿನಿಂದ ಉದುರಿತು. ಸುಮಂಗಲಾ ಹತ್ತಿರ ಬಂದು ನನ್ನ ಕಿವಿಯಿಂದ ಒಂದು ಕಾಳು ತೆಗೆದು ಬೆಳಕಿಗೆ ಹಿಡಿದಳು.

“ಬಿದ್ರಿ.”

“ಹಂಗೇನಿಲ್ಲ. ಸ್ವಲ್ಪ... ರಾಶ್ಯಾಗ ಕುಂತಿದ್ದೆ.”

ಅವಳ ಕಣ್ಣು ನನ್ನ ಕಾಲಿಗೆ ಹೋಯಿತು. ಮುಖ ಬಿಳಿಚಿತು. ನಾನು ಎರಡೂ ಕೈ ಎತ್ತಿ ಕೂಗಿದೆ, “ರಕ್ತ ಅಲ್ಲ! ಕುಂಕುಮ ಅದು! ಮುಟ್ಟಿ ನೋಡು!”

ಅವಳು ಮುಟ್ಟಿ ನೋಡಿದಳು. ಕುಂಕುಮವೇ. ಅವಳ ಕಣ್ಣು ತುಂಬಿಬಂತು. ನನ್ನ ಜೀವಮಾನದಲ್ಲಿ ನನಗಾಗಿ ಅವಳು ಅತ್ತದ್ದು ಅದೇ ಮೊದಲು.

“ಗಾಲಿಗೆ ಹಚ್ಚಿದ ಕುಂಕುಮಾ ಕಾಲಿಗೆ ಬಂದೈತ್ರಿ! ಅಷ್ಟ ದೊಡ್ಡ ಗುಡ್ಡದ ಮ್ಯಾಲಿಂದ ಬಿದ್ರೂ ಒಂದ್ ಹನಿ ರಕ್ತ ಇಲ್ಲ! ಆ ಹನುಮಪ್ಪನ ಬಂದು ಕಾಲು ಹಿಡಕೊಂಡು ಕಾಯ್ದಾನ. ಪೂಜಾ ಮಾಡಿದ್ದಕ್ಕ ಉಳಿದ್ರಿ!”

ಬಾಯಿ ತೆರೆದೆ. ಪೂಜೆಯಿಂದ ಉಳಿಯಲಿಲ್ಲ ಮಾರಾಯ್ತಿ, ನಾನು ಹಚ್ಚಿದ ಮುಲಾಮಿನಿಂದಲೇ ಸಾಯುತ್ತಿದ್ದೆ ಎಂದು ಹೇಳಬೇಕು. ಹೇಳಿದರೆ ಬ್ರೇಕು ಇಲ್ಲದೆ ಗುಡ್ಡ ಇಳಿದ ಕಥೆ ಹೊರಬೀಳುತ್ತದೆ, ಸೈಕಲ್ ಹಾಲಿಗೆ ಹೋಗುತ್ತದೆ. ಬಾಯಿ ಮುಚ್ಚಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

“ಇನ್ನ ಪ್ರತಿ ಅಮಾಸಿಗೆ ಹಿಂಗ ಪೂಜಾ ಆಗಬೇಕು,” ಎಂದಳು ಸುಮಂಗಲಾ. “ಅದ ತಟ್ಟಿಗೆ. ಅದ ಎಣ್ಣ್ಯಾಗ.”

ಸಂಜೆಗೆ ಓಣಿಯ ಹೆಣ್ಣುಮಕ್ಕಳು ಊದುಬತ್ತಿ ಹಿಡಿದು ಸೈಕಲ್ ನೋಡಲು ಬಂದರು. ನಾನು ಅದನ್ನು ಕದ್ದುಮುಚ್ಚಿ ಹುಬ್ಬಳ್ಳಿಗೆ ಒಯ್ದು, ಬ್ರೇಕಿಗೆ ಹೊಸ ಪ್ಯಾಡು ಹಾಕಿಸಿ, ತಟ್ಟೆ ತೊಳೆಸಿಕೊಂಡು ಬಂದೆ. ಅಮಾವಾಸ್ಯೆ ಬಂತು. ತಟ್ಟೆಗೆ ಮತ್ತೆ ಎಣ್ಣೆ! “ಒಣಾ ಕುಂಕುಮಾ ಸಾಕಲ್ಲೇನ?” ಎಂದೆ. “ಒಣಾದ್ದು ಉದರತೈತಿ, ಮುಲಾಮಿನಂಗ ಕಲಸು ಅಂತ ನೀವ ಹೇಳಿಲ್ಲೇನ್ರಿ? ಓದಿದವ್ರ ಮಾತು ಸುಳ್ಳಾಗ್ತೈತೇನು?” ಎಂದಳು. ಅಂಗಡಿಯಿಂದ ಸ್ಪಿರಿಟ್ಟು, ಹತ್ತಿ ತಂದು ಹಿತ್ತಲಲ್ಲಿ ಒರೆಸುತ್ತಿದ್ದಾಗ ಸಿಕ್ಕಿಬಿದ್ದೆ. ದೇವರ ಕುಂಕುಮ ಒರೆಸಿದ ಪಾಪಕ್ಕೆ ಹನುಮಪ್ಪನಿಗೆ ಕಾಯಿ ಒಡೆಸಬೇಕಾಯಿತು. ಗುಡಿ ಗುಡ್ಡದ ಮೇಲಿದೆ. “ಸೈಕಲ್ ಮ್ಯಾಲನ ಹೋಗ್ರಿ, ಅದು ನಿಮ್ಮನ್ನ ಕಾಯ್ತೈತಿ,” ಎಂದಳು ಪುಣ್ಯಾತ್ಗಿತ್ತಿ. ನಾನು ಬಸ್ಸು ಹಿಡಿದು, ನಡೆದು ಹತ್ತಿ, ನಡೆದು ಇಳಿದೆ.

ನಿನ್ನೆ ತಡೆಯಲಾಗದೆ ನಾನೇ ಹಿರೇಕೆರೂರಿಗೆ ಫೋನ್ ಮಾಡಿದೆ. “ಮಂಜು, ಹಾಲಿನ ಕ್ಯಾನಿಗೆ ಗಾಡಿ ಬೇಕಂದಿದ್ಯಲ್ಲೋ. ಒಯ್ಯೋ ಮಾರಾಯಾ. ಇವತ್ತ ಬಾ. ಪೆಟ್ರೋಲಿನ ಖರ್ಚು ನಾ ಕೊಡ್ತೇನಿ.”

ಆ ಕಡೆಯಿಂದ ಭಕ್ತಿ ತುಂಬಿದ ಸಣ್ಣ ದನಿ: “ಬ್ಯಾಡ್ರಿ ಮಾವಾರ. ಆ ಗಾಡ್ಯಾಗ ದೇವರು ಅದಾನಂತ ಅಕ್ಕ ಎಲ್ಲಾ ಹೇಳ್ಯಾಳ. ದೇವರಿದ್ದ ಗಾಡಿಗೆ ಹಾಲಿನ ಕ್ಯಾನ್ ಕಟ್ಟಿದ್ರ ನಮ್ಮ ಎಮ್ಮಿ ಉಳಿತಾವೇನ್ರಿ? ನೀವ ಹೊಡೀರಿ. ನಿಮ್ಮ ಧೈರ್ಯಾ ನಮಗೆಲ್ಲಿ ಬರಬೇಕು!”

ನಾಳೆ ಮತ್ತೆ ಅಮಾವಾಸ್ಯೆ. ಒಳಗೆ ಸುಮಂಗಲಾ ಕೊಬ್ಬರಿ ಎಣ್ಣೆಯ ಬಾಟಲಿ ಹುಡುಕುತ್ತಿದ್ದಾಳೆ. ನಾನು ಅದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು, ಹಿತ್ತಲಲ್ಲಿ, ಸ್ಟೂಲಿನ ಮೇಲೆ ಕುಳಿತಿದ್ದೇನೆ.