ಸೊಕೊ ಹಳ್ಳದ ಸೇತುವೆಯ ಅಂತ್ಯಕ್ರಿಯೆ

ಕ್ಲೋಟೆಮಾನ್ ಊರಿನ ಸೊಕೊ ಹಳ್ಳಕ್ಕೆ ಕಟ್ಟಿದ ಸೇತುವೆಯು ನೂರು ವರ್ಷ ಬಾಳತಕ್ಕದ್ದೆಂದು ಮೂಲಸೌಕರ್ಯ ಬಾಳಿಕೆ ಮತ್ತು ಪ್ರವಾಹ ನಿರ್ವಹಣಾ ಸಂಶೋಧನಾ ಸಂಸ್ಥೆಯು ಸಂಶೋಧಿಸಿ, ಸಾಬೀತುಪಡಿಸಿ, ಮುದ್ರೆ ಒತ್ತಿತ್ತು. ಉದ್ಘಾಟನೆಯಾದ ಮೂರನೇ ವಾರ, ಜೂನ್ ತಿಂಗಳ ಮೊದಲ ಮಳೆಗೆ ಸೇತುವೆ ಹಳ್ಳದ ಪಾಲಾಯಿತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧ ಕಲ್ಪಿಸುವುದು ಅವೈಜ್ಞಾನಿಕ ಎಂದು ಸಂಸ್ಥೆ ಮಾರನೇ ದಿನವೇ ಪ್ರಕಟಣೆ ಹೊರಡಿಸಿತು.

ಪ್ರಕಟಣೆ ಅಲ್ಲಿಗೇ ನಿಲ್ಲಲಿಲ್ಲ. ಸದರಿ ಸೇತುವೆಯನ್ನು ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆಂದು ರೂಪಿಸಲಾಗಿದ್ದು, ಸೊಕೊ ಹಳ್ಳವು ಯಾವುದೇ ಪೂರ್ವಾನುಮತಿಯಿಲ್ಲದೆ ನೂರು ವರ್ಷಕ್ಕೊಮ್ಮೆ ಬರಬೇಕಾದ ಪ್ರವಾಹವನ್ನು ತಂದಿರುತ್ತದೆ. ಹಳ್ಳದ ಈ ನಡತೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಇನ್ನು ತೊಂಬತ್ತೊಂಬತ್ತು ವರ್ಷ ಅಂಥ ಪ್ರವಾಹ ಬರತಕ್ಕದ್ದಲ್ಲ. ಹಳ್ಳ ಮುಂದಿನ ವಾರವೇ ಅಂಥದೇ ಇನ್ನೊಂದನ್ನು ತಂದಿತು. ಅದು ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಈ ನೂರು ವರ್ಷದ ಕೋಟಾ ಮುಗಿದುಹೋಗಿತ್ತು.

ಇದರಿಂದ ಊರಿನಲ್ಲಿ ಯಾರಿಗೂ ಬೇಸರವಾಗಲಿಲ್ಲ, ಕೆಂಕೆ ಮಾರುವ ಅಜೆಲೆಯೊಬ್ಬಳನ್ನು ಬಿಟ್ಟು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ತೆನೆಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಆ ಮುದ್ದೆಗಳು ಹಳ್ಳದ ಈ ದಡದಲ್ಲಿ ಬೇಯುತ್ತಿದ್ದವು, ತಿನ್ನುವ ಬಾಯಿಗಳೆಲ್ಲ ಆ ದಡದ ಲಾರಿ ನಿಲ್ದಾಣದಲ್ಲಿದ್ದವು. ಅಜೆಲೆಯ ಕೆಂಕೆಯೆಂದರೆ ಯಾರೋ ಬೇಯಿಸಿದ ಯಾವುದೋ ಮುದ್ದೆಯಲ್ಲ. ಅದರ ಜೊತೆ ಕೊಡುವ ಕರಿ ಖಾರದ ಚಟ್ನಿಯ ವಾಸನೆಗೆ ಒಮ್ಮೆ ಕುಮಾಸಿಗೆ ಹೊರಟಿದ್ದ ಲಾರಿ ಅರ್ಧ ದಾರಿಯಿಂದ ತಾನಾಗಿ ಹಿಂದಕ್ಕೆ ತಿರುಗಿ ಬಂದಿತ್ತು. ಡ್ರೈವರ್ ಆಗ ಗಾಢ ನಿದ್ದೆಯಲ್ಲಿದ್ದ ಎಂಬುದಕ್ಕೆ ಆ ಡ್ರೈವರನೇ ಸಾಕ್ಷಿ.

ನಿಲ್ದಾಣದ ಬೇವಿನ ಮರದಡಿಯ ಜಾಗ ಅವಳಿಗೆ ಅವಳ ತಾಯಿಯಿಂದ ಬಂದದ್ದು. ಸೇತುವೆ ಹೋದ ಮೇಲೆ ಅಜೆಲೆ ಪಾತ್ರೆ ತಲೆಮೇಲಿಟ್ಟು ಎದೆಮಟ್ಟದ ನೀರಿಗಿಳಿದಳು. ಪಾತ್ರೆ ಸಮುದ್ರಕ್ಕೆ ಹೋಯಿತು, ಅವಳು ಹೇಗೋ ಹೋಗಲಿಲ್ಲ. ಆಮೇಲೆ ನಿಲ್ದಾಣದ ಸಂಘದಿಂದ ಹೇಳಿಕೆ ಬಂತು: ತಿಂಗಳ ಕೊನೆಯ ಶನಿವಾರ ನಡುಮಧ್ಯಾಹ್ನದೊಳಗೆ ಅಂಗಡಿ ಹಾಕದಿದ್ದರೆ ಜಾಗ ಹುರಿದನ್ನ ಮಾರುವವನಿಗೆ ಹೋಗತಕ್ಕದ್ದು. ಅವನಾಗಲೇ ಬಂದು ಮರಕ್ಕೆ ತನ್ನ ಬೋರ್ಡು ಹಿಡಿದು ಅಳತೆ ನೋಡಿಕೊಂಡು ಹೋಗಿದ್ದ.

ಅಜೆಲೆ ಸಂಸ್ಥೆಯ ಕಚೇರಿಗೆ ಹೋದಳು. ಮುಖ್ಯ ಸಂಶೋಧಕರಾದ ಡಾಕ್ಟರ್ ಬೊಟ್ಚ್ವೇಯವರು ಮೇಜಿನ ಮೇಲೆ ಸಿಮೆಂಟಿನ ಚೌಕ ಗಟ್ಟಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದರು. ಸೇತುವೆಯ ಬಾಳಿಕೆ ಪರೀಕ್ಷಿಸಲು ಗುತ್ತಿಗೆದಾರ ಲಾರ್ಬಿ ತಯಾರಿಸಿ ಕೊಟ್ಟ ಮಾದರಿ ಗಟ್ಟಿಗಳು ಅವು. ಲಾರ್ಬಿ ಡಾಕ್ಟರ ತಂಗಿಯ ಗಂಡ. ಗಟ್ಟಿಗಳಿಗೆ ಅವನು ದೂರದ ಹೊಳೆಯಿಂದ ಸಿಹಿ ಮರಳು ತರಿಸಿದ್ದ. ಸೇತುವೆಗೆ ಸಮುದ್ರತೀರದ ಉಪ್ಪು ಮರಳನ್ನೇ ತುಂಬಿಸಿದ್ದ, ಸ್ಥಳೀಯ ಸಾಮಗ್ರಿಗೆ ಪ್ರೋತ್ಸಾಹ ಕೊಡಬೇಕೆಂಬುದು ಸರ್ಕಾರದ ನೀತಿಯಾದ್ದರಿಂದ.

"ನೋಡಮ್ಮಾ, ಒಂದಾದ್ರೂ ಬಿರುಕು ಬಿಟ್ಟಿದ್ಯಾ?" ಎಂದರು ಡಾಕ್ಟರು, ಗಟ್ಟಿಯೊಂದನ್ನು ತಟ್ಟುತ್ತಾ.

"ಇಲ್ಲ ಸ್ವಾಮಿ, ಕಲ್ಲಿನ ಹಾಗಿವೆ. ಇವನ್ನ ಹಳ್ಳಕ್ಕೆ ಹಾಕಿ ಕೊಡಿ, ಕಾಲಿಟ್ಟು ದಾಟ್ಕೋತೀನಿ."

"ಇವು ಸಂಶೋಧನೆಗೆ. ದಾಟೋಕಲ್ಲ."

"ದಾಟೋಕೆ ಒಂದು ಕಟ್ಟಿಸಿಕೊಡಿ ಮತ್ತೆ."

"ಕಟ್ಟಿಸಿ ಆಗಿದೆಯಲ್ಲ. ಇನ್ನೂ ನೂರು ವರ್ಷದ ಆಯುಸ್ಸು ಅದಕ್ಕೆ. ಇರೋ ಸೇತುವೆ ಜಾಗದಲ್ಲಿ ಇನ್ನೊಂದು ಸೇತುವೆ ಕೊಡೋ ನಿಯಮ ಇಲ್ಲಮ್ಮ."

"ಅದು ಸತ್ತು ಹೋಯ್ತಲ್ಲ ಡಾಕ್ಟರೇ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಸತ್ತು ಹೋಯ್ತಾ? ಯಾವಾಗಾಯ್ತು ಅಂತ್ಯಕ್ರಿಯೆ? ಊರಲ್ಲಿ ಯಾರಾದ್ರೂ ಸಾವಿನ ಕೆಂಪು ಬಟ್ಟೆ ಉಟ್ಟಿದ್ದು ನೋಡಿದ್ಯಾ? ನಮ್ಮಪ್ಪ ಎರಡು ವರ್ಷ ಆಸ್ಪತ್ರೆ ಶವಾಗಾರದಲ್ಲಿದ್ದ. ಕ್ರಿಯೆ ಮುಗಿಯೋವರೆಗೂ ಅವನ ಕುರ್ಚಿ ಮೇಲೆ ನಾವ್ಯಾರೂ ಕೂರ್ಲಿಲ್ಲ. ಅಂತ್ಯಕ್ರಿಯೆ ಆಗದೇ ಇರೋನನ್ನ ಸತ್ತ ಅನ್ನೋದು ನಮ್ಮ ಕಡೆ ಮರ್ಯಾದೆಯಾ ಹೇಳು."

ಈ ಮಾತಿನಲ್ಲಿ ತಪ್ಪು ಹುಡುಕುವವನು ಆ ಕರಾವಳಿಯಲ್ಲೇ ಹುಟ್ಟಿಲ್ಲ. ಅಜೆಲೆಯೂ ಹುಡುಕಲು ಹೋಗಲಿಲ್ಲ.

"ಕ್ರಿಯೆ ಮಾಡಿದ್ರೆ ಹೊಸದು ಕೊಡ್ತೀರಾ?"

"ಹಳೇದು ಹೋಯ್ತು ಅಂತ ಗೊತ್ತಾದ್ಮೇಲೆ ಕೊಡದೆ ಏನು?" ಎಂದು ಡಾಕ್ಟರು ನಕ್ಕರು.

"ಕರೆದ್ರೆ ಬರ್ತೀರಾ?"

"ಅಂತ್ಯಕ್ರಿಯೆಗೆ ಕರೆದ್ರೆ ಬರದೇ ಇರೋಕೆ ನಾನೇನು ಮನುಷ್ಯ ಅಲ್ವಾ?"

ಆ ವಾರವೇ ಊರ ಗೋಡೆಗಳ ಮೇಲೆ ಭಿತ್ತಿಪತ್ರಗಳು ಅಂಟಿಕೊಂಡವು. ಮಧ್ಯದಲ್ಲಿ ಸೇತುವೆಯ ಉದ್ಘಾಟನೆಯ ದಿನದ ಫೋಟೋ. ಮೇಲೆ, "ಅಕಾಲ ಮರಣ. ವಯಸ್ಸು ಮೂರು ವಾರ." ಕೆಳಗೆ ದುಃಖತಪ್ತರ ಹೆಸರು: ತಂದೆಯ ಸ್ಥಾನದಲ್ಲಿ ಗುತ್ತಿಗೆದಾರ ಲಾರ್ಬಿ, ಸೋದರಮಾವನ ಸ್ಥಾನದಲ್ಲಿ ಡಾಕ್ಟರ್ ಬೊಟ್ಚ್ವೇ. ದಿನ, ತಿಂಗಳ ಕೊನೆಯ ಶನಿವಾರ.

"ಶನಿವಾರವೇ ಯಾಕಿಟ್ಟೆ ಮಾರಾಯ್ತಿ?" ಎಂದಳು ಪಕ್ಕದ ಮನೆಯ ಮೀನು ಸುಡುವ ಡೆಡೇಯಿ. "ಆವತ್ತೇ ಅಲ್ವಾ ನಿನ್ನ ಜಾಗ ಹೋಗೋದು?"

"ಶನಿವಾರ ಬಿಟ್ಟು ಬೇರೆ ದಿನ ಯಾರಾದ್ರೂ ಮಣ್ಣಾಗಿರೋದು ಕೇಳಿದ್ಯೇನೆ? ಸೇತುವೆ ಅಂತ ಕೀಳು ಮಾಡೋಕಾಗುತ್ತಾ?"

"ಸರಿ, ಹೆಣ ಎಲ್ಲಿ?"

ಅದೊಂದು ತೊಡಕಾಗಿತ್ತು. ಹೆಣವನ್ನು ಹಳ್ಳ ಸಮುದ್ರಕ್ಕೆ ಒಯ್ದಿತ್ತು. ಕೆಸರಿನಲ್ಲಿ ಹುಡುಕಿದಾಗ ಉದ್ಘಾಟನೆಯ ಹೆಸರುಗಲ್ಲು ಮಾತ್ರ ಸಿಕ್ಕಿತು. ಇಡೀ ಸೇತುವೆಯಲ್ಲಿ ಅದೊಂದನ್ನು ಮಾತ್ರ ಲಾರ್ಬಿ ಮನಸ್ಸಿಟ್ಟು ಮಾಡಿಸಿದ್ದನಾದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಪೆಟ್ಟಿಗೆಯನ್ನು ಸೋವಾ ತಾತನಿಗೆ ವಹಿಸಿದರು. ಮೀನುಗಾರ ಸತ್ತರೆ ಮೀನಿನಾಕಾರದ, ಈರುಳ್ಳಿ ಮಾರುವವಳು ಸತ್ತರೆ ಈರುಳ್ಳಿಯಾಕಾರದ, ಡ್ರೈವರ್ ಸತ್ತರೆ ಲಾರಿಯಾಕಾರದ ಶವಪೆಟ್ಟಿಗೆ ಮಾಡುವವನು ಅವನು. ಅವನು ಮಾಡಿದ ಹುಂಜದ ಪೆಟ್ಟಿಗೆಯೊಂದು ಮಣ್ಣು ಹಾಕುವ ಮುಂಚೆ ಎರಡು ಸಲ ಕೂಗಿತ್ತು. ಅಲ್ಲಿದ್ದವರೆಲ್ಲ ಕೇಳಿದ್ದಾರೆ, ಕೇಳದವರು ಕಿವುಡರು.

"ಚಿಕ್ಕದೊಂದು ಮಾಡಿಕೊಡು ತಾತ, ಬರೀ ಒಂದು ಕಲ್ಲಿಡೋಕೆ," ಎಂದಳು ಅಜೆಲೆ.

ಸೋವಾ ತಾತನಿಗೆ ಅವಮಾನವಾಯಿತು. "ಮೀನುಗಾರನ ಹೆಣ ಸಮುದ್ರದಲ್ಲಿ ಸಿಗದಿದ್ರೆ ಬರೀ ಟೋಪಿ ಇಟ್ಟು ಮಣ್ಣು ಮಾಡಲ್ವಾ? ಆಗ ಪೆಟ್ಟಿಗೆ ಟೋಪಿ ಅಳತೆಗೆ ಮಾಡ್ತೀನಾ, ಮನುಷ್ಯನ ಅಳತೆಗೆ ಮಾಡ್ತೀನಾ? ಸೇತುವೆ ಅಳತೆಗೇ ಮಾಡ್ತೀನಿ. ಸತ್ತಮೇಲಾದ್ರೂ ಅದು ಈ ದಡದಿಂದ ಆ ದಡಕ್ಕೆ ಮುಟ್ಟಲಿ."

ಹಳೆಯ ದೋಣಿಗಳನ್ನೆಲ್ಲ ಒಡೆದು, ಆ ಮರದಿಂದ ಅವನು ಸೇತುವೆ ಮಾಡಿದ. ಕೈಗಂಬಿ, ಕಮಾನು, ಕಂಬ, ಒಂದೂ ಬಿಡಲಿಲ್ಲ. ನಿಜವಾದ ಸೇತುವೆಯಲ್ಲಿ ಲಾರ್ಬಿ ಬಿಟ್ಟುಬಿಟ್ಟಿದ್ದ ಕಂಬವನ್ನೂ ಸೇರಿಸಿದ.

ಶನಿವಾರ ಬೆಳಗ್ಗೆ ಈ ದಡದಲ್ಲಿ ಶಾಮಿಯಾನ ಎದ್ದಿತು. ಊರಿಗೆ ಊರೇ ಕೆಂಪು ಕಪ್ಪು ಉಟ್ಟು ಬಂತು. ಹಿರಿಯರು ನೆಲಕ್ಕೆ ಸಾರಾಯಿ ಹನಿಸಿ ಪಿತೃಗಳಿಗೆ ಹೊಸಬನ ಪರಿಚಯ ಹೇಳಿದರು. ಮೈಕಿನವನು ಕಾಣಿಕೆಗಳನ್ನು ಕೂಗಿದ. ಲಾರ್ಬಿ ಸಿಮೆಂಟಿನ ಮೂಟೆಗಳನ್ನೇ ಕಾಣಿಕೆಯಾಗಿ ಕಳಿಸಿ ತಾನು ಜ್ವರವೆಂದು ಮನೆಯಲ್ಲುಳಿದ. ಸೇತುವೆಗೆಂದು ಬಂದ ಸಿಮೆಂಟು ಕೊನೆಗೂ ಸೇತುವೆಗೇ ಸೇರಿತಲ್ಲ ಎಂದು ಮುದುಕರು ಕಣ್ಣೊರೆಸಿಕೊಂಡರು. ಡಾಕ್ಟರು ಕೊಟ್ಟ ಮಾತಿನಂತೆ ಕರಿ ಸೂಟಿನಲ್ಲಿ ಬಂದು, ಸೋದರಮಾವನಿಗೆಂದು ಇಟ್ಟ ಕುರ್ಚಿಯಲ್ಲಿ ಕೂತು, ಮೃತ ಸೇತುವೆಯ ಸದ್ಗುಣಗಳ ಬಗ್ಗೆ ನಾಲ್ಕು ಮಾತಾಡಿದರು. ಅದು ಯಾರ ತಂಟೆಗೂ ಹೋದದ್ದಲ್ಲ, ಭಾರ ಹೊತ್ತದ್ದೂ ಇಲ್ಲ ಎಂದರು. ಜನ ಆಮೆನ್ ಎಂದರು.

ಅಜೆಲೆಯ ಕಣ್ಣು ಮಾತ್ರ ಸೂರ್ಯನ ಮೇಲಿತ್ತು. ನಡುಮಧ್ಯಾಹ್ನದೊಳಗೆ ಮಣ್ಣು ಮಾಡಿ ಮುಗಿಸಿ, ಡಾಕ್ಟರ ಬಾಯಿಂದ 'ಹೋಯಿತು' ಎಂಬ ಒಂದು ಮಾತು ಹೊರಡಿಸಿಕೊಂಡು, ನಿಲ್ದಾಣದವರಿಗೆ ಹೇಳಿ ಕಳಿಸಿದರೆ ಜಾಗ ಉಳಿಯಬಹುದು. ಬಿಸಿ ಕೆಂಕೆಯ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು, ಏನಕ್ಕೂ ಇರಲಿ ಎಂದು.

ಪೆಟ್ಟಿಗೆ ಎತ್ತಿದರು. ಹೊತ್ತವರು ಬಂದರಿನ ಹಮಾಲಿಗಳು. ಒಬ್ಬೊಬ್ಬನೂ ಅಜೆಲೆಯ ಕೆಂಕೆ ತಿಂದು ಬೆಳೆದವನು, ಎಂದಮೇಲೆ ಮೈಕಟ್ಟು ವಿವರಿಸಬೇಕಾಗಿಲ್ಲ. ಸ್ಮಶಾನದ ಕಡೆ ಹತ್ತು ಹೆಜ್ಜೆ ಹಾಕಿದ್ದರು ಅಷ್ಟೆ. ಪೆಟ್ಟಿಗೆ ತಟ್ಟನೆ ನಿಂತಿತು. ಆಮೇಲೆ ಎಡಕ್ಕೆ ತಿರುಗಿತು.

ಇದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಾಯಬಾರದ ಸಾವು ಸತ್ತವನ ಪೆಟ್ಟಿಗೆ ಹೊತ್ತವರ ಮಾತು ಕೇಳುವುದಿಲ್ಲ, ಕೊಂದವನನ್ನು ಹುಡುಕಿಕೊಂಡು ತಾನೇ ಹೋಗುತ್ತದೆ. ಪೆಟ್ಟಿಗೆ ಶಾಮಿಯಾನವನ್ನು ಒಂದು ಸುತ್ತು ಹಾಕಿ, ಲಾರ್ಬಿಯ ಖಾಲಿ ಕುರ್ಚಿಯ ಮುಂದೆ ಸ್ವಲ್ಪ ತಡೆದು, ನೇರವಾಗಿ ಸೋದರಮಾವನ ಮುಂದೆ ಬಂದು ನಿಂತು ತಲೆ ಬಾಗಿಸಿತು.

"ಏಯ್, ಆ ಕಡೆ ತಿರುಗಿಸ್ರೋ," ಎಂದರು ಡಾಕ್ಟರು.

"ನಾವು ತಿರುಗಿಸ್ತಾ ಇಲ್ಲ ಧಣಿ," ಎಂದ ಮುಂದಿನ ಹಮಾಲಿ, ಬೆವರು ಸುರಿಸುತ್ತಾ. "ಅದೇ ತಿರುಗ್ತಾ ಇದೆ."

ಡಾಕ್ಟರು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಪೆಟ್ಟಿಗೆ ಎರಡು ಹೆಜ್ಜೆ ಮುಂದೆ ಬಂತು. ಡಾಕ್ಟರು ವಿದೇಶದಲ್ಲಿ ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಆದ್ದರಿಂದ ನಡೆಯದೆ ಓಡಿದರು. ಓಡಿದ ದಿಕ್ಕಿನಲ್ಲಿ ಹಳ್ಳವಿತ್ತು. ಹಳ್ಳದ ಮೇಲೆ ಸಂಸ್ಥೆಯ ದಾಖಲೆಯ ಪ್ರಕಾರ ಸೇತುವೆಯಿತ್ತು. ಡಾಕ್ಟರು ದಾಖಲೆಯನ್ನು ನಂಬಿ ಕಾಲಿಟ್ಟರು.

ಅವರ ಹಿಂದೆಯೇ ದಡಕ್ಕೆ ಬಂದ ಪೆಟ್ಟಿಗೆ ಹಮಾಲಿಗಳ ಹೆಗಲಿನಿಂದ ಜಾರಿ ಮುಂದಕ್ಕೆ ನುಗ್ಗಿ, ತನ್ನ ಒಂದು ತುದಿಯನ್ನು ಆ ದಡದಲ್ಲೂ ಇನ್ನೊಂದು ತುದಿಯನ್ನು ಈ ದಡದಲ್ಲೂ ಊರಿ ಗಟ್ಟಿಯಾಗಿ ಕೂತುಬಿಟ್ಟಿತು. ಕಂಬ ಕೆಸರಿಗಿಳಿದು ನಿಂತಿತು. ಹಮಾಲಿಗಳು ಎಳೆದರು, ನೂಕಿದರು. ಅದು ಮಿಸುಕಲಿಲ್ಲ.

"ಒಲ್ಲೆ ಅಂತಿದೆ," ಎಂದ ಸೋವಾ ತಾತ. "ಬಿಡ್ರಪ್ಪಾ. ಹೆಣ ಒಲ್ಲೆ ಅಂದಮೇಲೆ ಎತ್ತಬಾರದು. ಅದಕ್ಕಿನ್ನೂ ಕೊಂದವನ ಹೆಸರು ಹೇಳೋದಿದೆ."

ಎದೆಮಟ್ಟದ ನೀರಿನಲ್ಲಿ, ಪೆಟ್ಟಿಗೆಯ ನೇರ ಕೆಳಗೆ, ಟೈಯ ಮೇಲೆ ಕುಡಿಯುವ ನೀರಿನ ಖಾಲಿ ಪ್ಲಾಸ್ಟಿಕ್ ಪೊಟ್ಟಣಗಳು ಸಿಕ್ಕಿಕೊಂಡು ಡಾಕ್ಟರು ನಿಂತಿದ್ದರು.

"ಅಜೆಲೆ, ಇವರಿಗೆ ಹೇಳಮ್ಮ," ಎಂದರು.

"ಏನಂತ ಹೇಳ್ಲಿ?"

"ಅದು ಸತ್ತಿಲ್ಲ ಅಂತ."

"ಈಗ ತಾನೇ ಸದ್ಗುಣ ಹೇಳಿದ್ರಲ್ಲ."

"ಸಂಶೋಧನೆ ಅಂದ್ರೆ ಹೊಸ ಮಾಹಿತಿ ಬಂದಾಗ ತಿದ್ದಿಕೊಳ್ಳೋದು. ನೋಡು, ನಿಂತಿದೆ. ಈ ದಡದಿಂದ ಆ ದಡಕ್ಕೆ ನಿಂತಿರೋದಕ್ಕೆ ಸೇತುವೆ ಅಂತಲೇ ಅನ್ನೋದು. ಅದು ಸತ್ತಿಲ್ಲ ಅಂದಮೇಲೆ ಯಾರೂ ಕೊಂದೂ ಇಲ್ಲ. ನೀನು ಒಂದು ಸಲ ದಾಟಿಬಿಡು, ಅಷ್ಟು ಸಾಕು ನನಗೆ."

ಡೆಡೇಯಿ ಅಜೆಲೆಯ ಸೆರಗು ಜಗ್ಗಿದಳು. "ದಾಟಬೇಡ ಕಣೇ. ದಾಟಿದ್ರೆ ಸೇತುವೆ ಇದೆ ಅಂತಾಗುತ್ತೆ. ಹೊಸ ಸೇತುವೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ."

ಅಜೆಲೆ ನೀರಿನಲ್ಲಿದ್ದ ಡಾಕ್ಟರನ್ನು ನೋಡಿದಳು. ಸೂರ್ಯನನ್ನು ನೋಡಿದಳು. ಆ ದಡದಲ್ಲಿ ಬೇವಿನ ಮರಕ್ಕೆ ಏಣಿ ಹಾಕಿ, ಬೋರ್ಡು ಹಿಡಿದು, ಮೊಳೆಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದ ಹುರಿದನ್ನದವನನ್ನೂ ನೋಡಿದಳು.

"ಮೊಮ್ಮಕ್ಕಳು ಈಜು ಕಲೀಲಿ," ಎಂದವಳೇ ಪಾತ್ರೆಯನ್ನು ತಲೆಮೇಲಿಟ್ಟುಕೊಂಡು, ಚಪ್ಪಲಿ ಬಿಟ್ಟು, ಶವಪೆಟ್ಟಿಗೆಯ ಮೇಲೆ ಕಾಲಿಟ್ಟಳು.

ಅದು ಕಿರ್ರೆನ್ನಲಿಲ್ಲ. ಹಿಂದೆಯೇ ಹಮಾಲಿಗಳು ನಡೆದರು, ಮೈಕಿನವನು ಮೈಕಿನ ಸಮೇತ ನಡೆದ, ಊರೆಲ್ಲ ನಡೆಯಿತು. ಡಾಕ್ಟರು ಕೆಳಗಿನಿಂದ ತಲೆ ಎಣಿಸಿ, ಇದನ್ನು ಭಾರ ತಾಳುವ ಪರೀಕ್ಷೆಯೆಂದು ಘೋಷಿಸಿದರು.

ಊರ ಹಿರಿಯರು ಮಾತ್ರ, ಸಾರಾಯಿ ಹನಿಸಿ ಪಿತೃಗಳಿಗೆ ಹೇಳಿಯಾದ ಸಾವನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಎರಡು ಕಡೆಯವರೂ ಕೂತು ಮಾತಾಡಿದ ಮೇಲೆ ಹಳ್ಳದ ಬದಿಯಲ್ಲಿ ಸಂಸ್ಥೆ ಒಂದು ಫಲಕ ನೆಟ್ಟಿತು:

"ಸದರಿ ಸೇತುವೆಯು ಸಂಸ್ಥೆಯ ಮಟ್ಟಿಗೆ ಜೀವಂತವಾಗಿಯೂ ಊರಿನ ಮಟ್ಟಿಗೆ ಮೃತವಾಗಿಯೂ ಇರತಕ್ಕದ್ದು. ಶವಪೆಟ್ಟಿಗೆಯ ಮೇಲೆ ಸಾರ್ವಜನಿಕ ಸಂಚಾರ ನಿಷಿದ್ಧ. ಶವಯಾತ್ರೆಯಲ್ಲಿ ಭಾಗವಹಿಸುವವರು ಮಾತ್ರ ದಾಟತಕ್ಕದ್ದು. ಶವಯಾತ್ರೆ ಮುಗಿದಿರುವುದಿಲ್ಲ."

ಸಂಸ್ಥೆಯ ಸಂಶೋಧನೆಗೆ ರಾಜಧಾನಿ ಅಕ್ರಾದಲ್ಲಿ ಪದಕ ಬಂತು. ಪ್ರವಾಹಪೀಡಿತ ಜಿಲ್ಲೆಗಳಿಗೆಲ್ಲ ಇದೇ ಮಾದರಿಯ ಪೆಟ್ಟಿಗೆ ಒದಗಿಸಲು ಟೆಂಡರ್ ಕರೆದು ಲಾರ್ಬಿಗೆ ಕೊಟ್ಟರು. ಎಲ್ಲೆಡೆಯೂ ಮೊದಲು ಸೇತುವೆ ಕಟ್ಟಿ, ಅದು ಬಿದ್ದ ಮೇಲೆಯೇ ಪೆಟ್ಟಿಗೆ ಇಡತಕ್ಕದ್ದು. ನೇರವಾಗಿ ಪೆಟ್ಟಿಗೆ ಇಡಲು ನಿಯಮದಲ್ಲಿ ಅವಕಾಶವಿಲ್ಲ.

ಈಗ ಕ್ಲೋಟೆಮಾನಿನಲ್ಲಿ ಶಾಲೆಗೆ ಹೋಗುವ ಮಕ್ಕಳ ತೋಳಿಗೆ ಕೆಂಪು ಪಟ್ಟಿ ಇರುತ್ತದೆ. ಮದುವೆಯ ದಿಬ್ಬಣವೂ ಕರಿ ಬಟ್ಟೆಯಲ್ಲೇ ದಾಟಿ, ಆ ಕಡೆ ಹೋಗಿ ಬಿಳಿಯದನ್ನು ಉಡುತ್ತದೆ. ದಾಟುವಾಗ ಎರಡು ಹನಿ ಕಣ್ಣೀರು ಹಾಕುವುದು ಕಡ್ಡಾಯವಲ್ಲ, ಆದರೆ ಹಾಕುತ್ತಾರೆ. ಅಜೆಲೆ ಪ್ರತಿದಿನ ಕೆಂಪು ಕಪ್ಪು ಉಟ್ಟು, ಬಿಸಿ ಪಾತ್ರೆ ಹೊತ್ತು ಬೇವಿನ ಮರದಡಿ ಬಂದು ಕೂರುತ್ತಾಳೆ. ದೂರದೂರಿನ ಡ್ರೈವರುಗಳು ಅವಳ ಬಟ್ಟೆ ನೋಡಿ ಟೋಪಿ ತೆಗೆಯುತ್ತಾರೆ.

"ಯಾರು ತೀರಿಕೊಂಡ್ರು ಅಜೆಲಕ್ಕ?"

"ನಮ್ಮೂರ ಸೇತುವೆ."

"ಅಯ್ಯೋ ಪಾಪ. ಈಗ ಹೇಗಿದೆ?"

"ಚೆನ್ನಾಗಿದೆಯಪ್ಪ. ಈಗಷ್ಟೇ ಅದರ ಮೇಲೇ ಬಂದೆ."

"ಒಳ್ಳೇದಾಯ್ತು ಬಿಡಿ. ಎರಡು ಕೆಂಕೆ ಕೊಡಿ, ಚಟ್ನಿ ಸ್ವಲ್ಪ ಜಾಸ್ತಿ ಇರಲಿ."