ಬೆಳೆಯೋ ಮಗು, ಎರಡಿಂಚು ಜಾಸ್ತಿ

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ ರೀ! ನಾಲ್ಕು ವರ್ಷದ ಕೂಸನ್ನ ಆ ಹಾರೋ ರೈಲಲ್ಲಿ ಕೂರಿಸಿ ಆಕಾಶಕ್ಕೆ ಎಸೆಯೋಕೆ ನಾನು ಒಪ್ಪಲ್ಲ.

ಟೈಲರ್: ಎಸೆಯಲ್ಲ ಕಣೇ, ಬೆಲ್ಟು ಹಾಕಿ ಕೂರಿಸ್ತಾರೆ. ಮಕ್ಕಳ ರೈಲು ಅದು. ಹೆಸರೇ ಚಿಟ್ಟೆ ರೈಲು.

ಹೆಂಡತಿ: ಹಾಗಾದ್ರೆ ವಿಡಿಯೋದಲ್ಲಿ ಆ ಚಿಟ್ಟೆಗಳೆಲ್ಲ ಯಾಕೆ ಹಾಗೆ ಕಿರಿಚ್ಕೋತಿದ್ವು?

ಟೈಲರ್: ಖುಷಿಗೆ.

ಹೆಂಡತಿ: ಒಬ್ಬಳು ಅಮ್ಮಾ ಅಂತಿದ್ಲು.

ಟೈಲರ್: ಅಮ್ಮನ್ನ ನೆನೆಸ್ಕೊಂಡಿರ್ತಾಳೆ ಪಾಪ.

ಅಡುಗೆಮನೆಯ ಮೇಜಿನ ಮೇಲೆ ಎರಡು ಥೀಮ್ ಪಾರ್ಕುಗಳ ಬಣ್ಣದ ಕರಪತ್ರಗಳು ಬಿದ್ದಿದ್ದವು. ಗಂಡನ ಮುಂದೆ ಗಾಳಿಪಟ ಪಾರ್ಕು, ಹೆಂಡತಿಯ ಮುಂದೆ ಗೊಂಬೆಯೂರು. ಗಂಡ ಟೈಲರ್. ಊಟಕ್ಕೆ ಕೂತಾಗಲೂ ಅವನ ಕೊರಳಲ್ಲಿ ಟೇಪು ಇರಲೇಬೇಕು. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು. ವಾದ ಮುಗಿಯಿತು ಎಂದು ಅವಳಿಗೆ ಅನ್ನಿಸಿದರೆ ಮನೆಯಲ್ಲೂ 'ಮುಂದಿನವರು ಬನ್ನಿ' ಎಂದುಬಿಡುತ್ತಾಳೆ. ಯಾರಿಗಾಗಿ ಈ ಪ್ರವಾಸವೋ ಆ ಪುಟ್ಟಿ ಮೇಜಿನ ಕೆಳಗೆ ಖಾಲಿ ದಾರದ ರೀಲುಗಳನ್ನು ಸಾಲಾಗಿ ಜೋಡಿಸಿ ರೈಲು ಬಿಡುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅಪ್ಪ ಹೊಲಿದ ಫ್ರಾಕು ಅವಳ ಕಾಲಿಗೆ ತೊಡರಿಕೊಳ್ಳುತ್ತಿತ್ತು.

ಅಜ್ಜಿ: ಅಲ್ವೋ, ಅಲ್ಲಿ ತಲೆಕೆಳಗೆ ಮಾಡಿ ತಿರುಗಿಸ್ತಾರಂತೆ, ಹೌದಾ?

ಟೈಲರ್: ಅದು ದೊಡ್ಡೋರಿಗೆ ಅಮ್ಮಾ.

ಅಜ್ಜಿ: ದುಡ್ಡು ಕೊಟ್ಟು ತಿರುಗಿಸ್ಕೋತಾರಾ? ನನಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಪುಕ್ಕಟೆ ತಿರುಗುತ್ತಲ್ಲೋ!

ಹೆಂಡತಿ: ಅತ್ತೆ, ನೀವೇ ಹೇಳಿ. ಗೊಂಬೆಯೂರಲ್ಲಿ ನೆರಳಿದೆ, ಬೆಂಚಿದೆ, ನೆಲಕ್ಕಂಟ್ಕೊಂಡು ಓಡೋ ಪುಟಾಣಿ ರೈಲಿದೆ. ಇವರಿಗೆ ತಾವು ತಿರುಗೋ ಆಸೆ. ಮಗು ಬರೀ ನೆಪ.

ಟೈಲರ್: ನನಗಾ? ಏಣಿಯ ಮೂರನೇ ಮೆಟ್ಟಿಲು ಹತ್ತಿದ್ರೆ ಕಾಲು ನಡುಗುತ್ತೆ ನಂಗೆ!

ಹೆಂಡತಿ: ಮತ್ಯಾಕೆ ಈ ಹಟ?

ಟೈಲರ್: ಅದು... ಮಗೂಗೆ ಧೈರ್ಯ ಬರ್ಲಿ ಅಂತ.

ಹೆಂಡತಿ: ಧೈರ್ಯ ಅವಳಿಗಿದೆ ರೀ, ಇಲ್ದೇ ಇರೋದು ನಿಮಗೆ. ದಿನಾ ಬೆಳಿಗ್ಗೆ ನರ್ಸರಿ ಗೇಟಲ್ಲಿ ನೋಡ್ತಿಲ್ವಾ ನಾನು? 'ಅಳಬಾರ್ದು ಪುಟ್ಟಿ, ಜಾಣೆ ಅಲ್ವಾ, ಗಂಟೆ ಹೊಡೆದ ತಕ್ಷಣ ಬಂದು ಕರ್ಕೊಂಡ್ ಹೋಗ್ತೀನಿ' ಅಂತೀರಿ. ಅವಳು ಟಾಟಾ ಮಾಡಿ ಒಳಗೆ ಓಡ್ತಾಳೆ. ಕರ್ಚೀಫು ಒದ್ದೆಯಾಗೋದು ನಿಮ್ದು!

ಟೈಲರ್: ಧೂಳು ಕಣೇ ಅಲ್ಲಿ.

ಅಜ್ಜಿ: ಇವನು ನರ್ಸರಿಗೆ ಹೋಗುವಾಗ್ಲೂ ಅದೇ ಧೂಳಿತ್ತು.

ಟೈಲರ್ ಮಾತು ಬದಲಾಯಿಸಲು ಕರಪತ್ರವನ್ನು ಎತ್ತಿ ಹಿಡಿದ.

ಟೈಲರ್: ನೋಡಿಲ್ಲಿ. 'ನಲವತ್ತು ಇಂಚು ಎತ್ತರ ಇರುವ ಮಕ್ಕಳು ದೊಡ್ಡವರ ಪಕ್ಕದಲ್ಲಿ ಕೂರಬಹುದು.' ನಮ್ಮ ಪುಟ್ಟಿ ಸರಿಯಾಗಿ ನಲವತ್ತು! ಈಗ ತಾನೇ ಅಳೆದಿದ್ದೀನಿ.

ಹೆಂಡತಿ: ನಲವತ್ತಾ? ನಿಲ್ಲಿ, ನಿಲ್ಲಿ. ಪುಟ್ಟಿ, ಬಾ ಇಲ್ಲಿ. ಬಾಗಿಲಿಗೆ ಒರಗಿ ನಿಂತ್ಕೋ. ರೀ, ಮತ್ತೆ ಅಳೀರಿ. ನಿಮ್ಮ ಬಾಯಿ ಅಲ್ಲ, ಟೇಪು ಏನು ಹೇಳುತ್ತೆ ನೋಡೋಣ.

ಟೈಲರ್ ಮಂಡಿಯೂರಿ ಟೇಪು ಎಳೆದ.

ಟೈಲರ್: ನಲವತ್ತು!

ಹೆಂಡತಿ ಬಗ್ಗಿ ನೋಡಿದಳು. ಅವನ ಹೆಬ್ಬೆರಳು ಮೂವತ್ತೆಂಟರ ಮೇಲಿತ್ತು.

ಹೆಂಡತಿ: ರೀ! ಬೆರಳು ಮೂವತ್ತೆಂಟರ ಮೇಲೆ, ಬಾಯಿ ನಲವತ್ತರ ಮೇಲೆ!

ಟೈಲರ್: ಅಯ್ಯೋ... ಬೆಳೆಯೋ ಮಗು ಕಣೇ! ಮಕ್ಕಳ ಅಳತೆಗೆ ಎರಡಿಂಚು ಸೇರಿಸ್ದೇ ನನ್ನ ಬಾಯಿಂದ ಹೊರಗೇ ಬರಲ್ಲ. ಕಸುಬು ಅದು.

ಹೆಂಡತಿ: ಅಲ್ಲಿ ಗೇಟಲ್ಲಿ ನಿಂತಿರೋನು ಫ್ರಾಕು ಹೊಲಿಯಲ್ಲ ರೀ. ಇವತ್ತಿನ ಮಗೂನೇ ಅಳೀತಾನೆ! ಅರ್ಧ ಟಿಕೆಟ್ಟಿಗೆ ಅಂತ ಮಕ್ಕಳನ್ನ ಕುಗ್ಗಿಸಿ ನಿಲ್ಸೋ ಅಪ್ಪಂದಿರನ್ನ ನನ್ನ ಕಿಟಕೀಲಿ ದಿನಾ ನೋಡ್ತೀನಿ. ಎಳೆದು ಉದ್ದ ಮಾಡೋ ಅಪ್ಪನ್ನ ನೋಡಿದ್ದು ಇವತ್ತೇ!

ಅಜ್ಜಿ: ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವನಿಗೆ ಹೆಗ್ಗಣ ಎತ್ತರವಾಗಿಯೂ ಕಾಣುತ್ತೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಲೋಕದ ಮಾತು. ಈ ಮನೆಯಲ್ಲಿ ಮಾತ್ರ ಕೂಸು ಎರಡಿಂಚು ಬೆಳೆದು, ಐದೇ ನಿಮಿಷದಲ್ಲಿ ಮತ್ತೆ ಎರಡಿಂಚು ಇಳಿದಿತ್ತು. ಕೂಸಿಗೆ ಇದರ ಪರಿವೆಯೇ ಇರಲಿಲ್ಲ. ಅದು ಬಾಗಿಲ ಬಳಿಯಿಂದ ಜಾರಿಕೊಂಡು ಮತ್ತೆ ರೈಲಿನ ಕೆಲಸಕ್ಕೆ ಹೋಗಿತ್ತು.

ಹೆಂಡತಿ: ಅಲ್ಲಿಗೆ ಗೊಂಬೆಯೂರೇ ಗಟ್ಟಿ. ಮುಂದಿನವರು ಬನ್ನಿ!

ಟೈಲರ್ ಎದ್ದೇಳಲಿಲ್ಲ. ಮಂಡಿಯೂರಿದವನು ಹಾಗೇ ನೆಲದ ಮೇಲೆ ಕೂತುಬಿಟ್ಟ.

ಟೈಲರ್: ಆಯ್ತು ಬಿಡು. ನಿನ್ನ ಗೊಂಬೆಯೂರಿನ ಕರಪತ್ರದಲ್ಲಿ ಕೊನೇ ಸಾಲು ಓದಿದ್ಯಾ? ಪುಟಾಣಿ ರೈಲಲ್ಲಿ ಮಕ್ಕಳು ಮಾತ್ರ. ದೊಡ್ಡೋರು ಬೇಲಿ ಆಚೆ ನಿಂತಿರ್ಬೇಕು.

ಹೆಂಡತಿ: ನಿಂತಿದ್ರೆ ಏನಾಯ್ತು? ಹೇಗೂ ನಿಮಗೆ ಕಾಲು ನಡುಗುತ್ತಲ್ಲ.

ಟೈಲರ್: ನಡುಗ್ಲಿ ಕಣೇ! ಭಾನುವಾರ ಇಲ್ಲ, ಹಬ್ಬ ಇಲ್ಲ, ಅಂಗಡೀಲೇ ಕೂತಿರ್ತೀನಿ. ಅವಳ ಫ್ರಾಕು ನನ್ನ ತೊಡೆ ಮೇಲಿರುತ್ತೆ, ಅವಳಿರಲ್ಲ. ನರ್ಸರಿಯಿಂದ ತಂದು ಮನೇಲಿ ಬಿಟ್ಟು ಮತ್ತೆ ಅಂಗಡಿಗೆ ಓಡ್ತೀನಿ, ರಾತ್ರಿ ಬರೋ ಹೊತ್ತಿಗೆ ಮಲಗಿಬಿಟ್ಟಿರ್ತಾಳೆ. ಇಷ್ಟು ವರ್ಷಕ್ಕೆ ಸಿಕ್ಕಿರೋದು ಎರಡು ದಿನದ ರಜ. ಒಂದು ಸಲ, ಒಂದೇ ಒಂದು ಸಲ ಅವಳ ಪಕ್ಕ ಕೂತ್ಕೊಂಡು ಎಲ್ಲಿಗಾದ್ರೂ ಹೋಗ್ಬೇಕು ಅಂತ ಆಸೆ. ಬೇಲಿ ಆಚೆ ನಿಲ್ಲೋದು ದಿನಾ ಇದ್ದಿದ್ದೇ ಅಲ್ವಾ?

ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಅಜ್ಜಿ ಎದ್ದು ಹೋಗಿ ಒಲೆ ಆರಿಸಿದಳು. ಹೆಂಡತಿಯ ಮುಖ ಸಣ್ಣದಾಯಿತು.

ಹೆಂಡತಿ: ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?

ಟೈಲರ್: ಹೇಳೋಕೆ ಬಾಯಿ ತೆಗೆದ್ರೆ ನೀನು ಮುಂದಿನವರನ್ನ ಕರೀತೀಯ.

ಹೆಂಡತಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಮೇಜಿನ ಕೆಳಗಿನ ರೈಲು ನಿಂತಿತು. ಪುಟ್ಟಿ ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಹೊರಗೆ ಬಂದು ಅಪ್ಪನ ಎದುರು ನಿಂತಳು. ಅವನು ನೆಲದ ಮೇಲೆ ಕೂತಿದ್ದರಿಂದ ಅವಳೇ ಎತ್ತರವಾಗಿದ್ದಳು.

ಪುಟ್ಟಿ: ಅಪ್ಪಾ, ಅಳಬಾರ್ದು. ಜಾಣ ಅಲ್ವಾ ನೀನು?

ಟೈಲರ್: ಅಳ್ತಿಲ್ಲ ಪುಟ್ಟಿ. ಧೂಳು.

ಪುಟ್ಟಿ: ನಾನು ರೈಲಿಗೆ ಹೋಗ್ತೀನಿ. ನೀನು ಅಮ್ಮನ ಕೈ ಹಿಡ್ಕೊಂಡು ಗೇಟ್ ಹತ್ರಾನೇ ನಿಂತಿರು. ಎಲ್ಲೂ ಓಡ್ಬಾರ್ದು. ಗಂಟೆ ಹೊಡೆದ ತಕ್ಷಣ ನಾನೇ ಬಂದು ಕರ್ಕೊಂಡ್ ಹೋಗ್ತೀನಿ.

ಅಜ್ಜಿ: ಎರಡಿಂಚು ಅಂತೆ, ಎರಡಿಂಚು! ಇವಳಿಗೆ ಇನ್ನೊಂದು ಮೊಳ ಸೇರಿಸೋ!

ಟೈಲರ್ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ.

ಟೈಲರ್: ಲೇಟ್ ಮಾಡ್ಬೇಡ, ಆಯ್ತಾ?

ಪುಟ್ಟಿ: ಮಾಡಲ್ಲ. ಆದ್ರೆ ನಾನು ಬರೋಷ್ಟ್ರಲ್ಲಿ ಊಟದ ಡಬ್ಬಿ ಪೂರ್ತಿ ಖಾಲಿಯಾಗಿರ್ಬೇಕು.