ಒಂಬತ್ತನೇ ಹಾಸಿಗೆಯ ಮರ್ಮರ್

ತೊಂದರೆಯೆಲ್ಲ ಶುರುವಾದದ್ದು ಕಡಲೆಕಾಳಿನಷ್ಟಿದ್ದ ಒಂದು ರಬ್ಬರ್ ಬಿರಡೆಯಿಂದ.

ಡಾಕ್ಟರಿಕೆ ಓದಿ ಮುಗಿಸಿದವರು ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ಮಾಡಬೇಕಷ್ಟೆ. ಹೊಸ ಡಾಕ್ಟರಿಗೆ ಅಂದು ಮೊದಲ ದಿನ. ಸ್ಟೆತಾಸ್ಕೋಪನ್ನು ಚೀಲದಲ್ಲಿ ಇಟ್ಟುಕೊಂಡು ಬರಬಹುದಿತ್ತು. ಆದರೆ ಮನೆಯಿಂದಲೇ ಕುತ್ತಿಗೆಗೆ ಹಾಕಿಕೊಂಡು ಹೊರಟಿದ್ದ. ಅಷ್ಟು ವರ್ಷ ನಿದ್ದೆಗೆಟ್ಟು ಓದಿದವನಿಗೆ ಅಷ್ಟೂ ಆಸೆ ಇರಬಾರದೇ? ಬಸ್ಸಿನಿಂದ ಇಳಿಯುವಾಗ ಅದು ಯಾರದೋ ಕೊಡೆಯ ಹಿಡಿಗೆ ಸಿಕ್ಕಿಕೊಂಡಿತು. ಇವನು ಈ ಕಡೆ ಎಳೆದ, ಕೊಡೆಯವರು ಆ ಕಡೆ ಎಳೆದರು. ಎಡಗಿವಿಯ ಬಿರಡೆ ಟಪ್ಪೆಂದು ಹಾರಿ ಚರಂಡಿಗೆ ಬಿತ್ತು.

ಆಸ್ಪತ್ರೆಯ ಔಷಧದ ಕೌಂಟರಿನವನು ಕಣ್ಣಿಗೆ ಹನಿ ಬಿಡುವ ಡ್ರಾಪರಿನ ರಬ್ಬರನ್ನು ಕತ್ತರಿಯಿಂದ ಕತ್ತರಿಸಿ ಅಲ್ಲಿಗೆ ಸಿಕ್ಕಿಸಿ ಕೊಟ್ಟ. "ಹಾಕ್ಕೊಳ್ಳಿ ಡಾಕ್ಟ್ರೇ. ಕಿವಿಗೇನು, ಯಾವ ರಬ್ಬರ್ ಅಂತ ಗೊತ್ತಾಗುತ್ತಾ?"

ವಾರ್ಡು ರೈಲು ಬೋಗಿಯ ಹಾಗೆ ಉದ್ದಕ್ಕೆ ಚಾಚಿಕೊಂಡಿತ್ತು. ಒಂದು ಬದಿ ಕಿಟಕಿಗಳು, ಇನ್ನೊಂದು ಬದಿ ಇಪ್ಪತ್ತು ಹಾಸಿಗೆಗಳು. ಬಾಗಿಲಲ್ಲಿ ಮೇಜು ಹಾಕಿಕೊಂಡು ದೊಡ್ಡ ಸಿಸ್ಟರ್ ಕೂತಿದ್ದರು. ವರ್ಷಕ್ಕೊಂದು ತಂಡದಂತೆ ಇಪ್ಪತ್ನಾಲ್ಕು ತಂಡ ಹೊಸ ಡಾಕ್ಟರುಗಳನ್ನು ಕಂಡವರು. ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದಲು ಕೈ ತೊಳ್ಕೊಳ್ಳಿ," ಎಂದರು.

ಇವನ ಮೇಲಿನವನು ಸೀನಿಯರ್. ವಯಸ್ಸಿನಲ್ಲಿ ಎರಡೇ ವರ್ಷ ದೊಡ್ಡವನಾದರೂ ನಡೆಯುವುದು ಮಾತ್ರ ಕೊನೆಯ ಬಸ್ಸು ತಪ್ಪಿಹೋಗುತ್ತಿರುವವನ ಹಾಗೆ. ನಡೆಯುತ್ತಲೇ ಹೇಳಿದ: "ಒಂಬತ್ತನೇ ಹಾಸಿಗೆ, ಟೈಲರ್. ಹರ್ನಿಯಾ. ಹನ್ನೊಂದಕ್ಕೆ ಆಪರೇಷನ್. ಎದೆ ನೋಡಿ, 'ಎಲ್ಲ ಸರಿಯಾಗಿದೆ' ಅಂತ ಬರೆದು ಕಳಿಸಿ."

ಟೈಲರ್ ಐವತ್ತೈದರ ಸಣಕಲು ಮನುಷ್ಯ. ಹೊಸ ಡಾಕ್ಟರ ಬಿಳಿಕೋಟನ್ನು ನೋಡಿದ್ದೇ ಮುಖ ಕಿವುಚಿದರು. "ಭುಜ ಇಳಿದಿದೆ ಡಾಕ್ಟ್ರೇ. ರೆಡಿಮೇಡಾ?"

ಹೊಸ ಡಾಕ್ಟರು ನಕ್ಕು, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅವರ ಎದೆಗಿಟ್ಟ. ಲಬ್, ಡಬ್ ಎಂಬೆರಡು ಸದ್ದು ಕೇಳಬೇಕು. ಕೇಳಿತು. ಆದರೆ ಎರಡರ ನಡುವೆ, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂತೆ, ಸುಯ್ ಎಂದು ಇನ್ನೊಂದು ಸದ್ದೂ ಬಂತು. ಇಂಥ ಸುಯ್ಲಿಗೆ ಡಾಕ್ಟರುಗಳು ಮರ್ಮರ್ ಎನ್ನುತ್ತಾರೆ. ಹೃದಯದ ಒಳಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬರುವ ಸದ್ದು ಅದು. ಅವನು ಮತ್ತೆ ಕೇಳಿದ. ಮತ್ತೆ ಸುಯ್. ಹಾಳೆಯ ಮೇಲೆ 'ಮರ್ಮರ್' ಎಂದು ಬರೆದು, ಧೈರ್ಯ ಸಾಲದೆ ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ಹಾಕಿದ.

ಸೀನಿಯರ್ ಬಂದ, ಹಾಳೆ ನೋಡಿದ, ತನ್ನ ಸ್ಟೆತಾಸ್ಕೋಪನ್ನು ಎರಡೇ ಸೆಕೆಂಡು ಇಟ್ಟ. "ಇದೆ," ಎಂದು ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿದ. "ಆಪರೇಷನ್ ಮುಂದಕ್ಕೆ. ದೊಡ್ಡ ಡಾಕ್ಟರಿಗೆ ಹೇಳ್ತೀನಿ. ಭಲೇ, ಮೊದಲನೇ ದಿನಾನೇ!"

ಹತ್ತು ಗಂಟೆಗೆ ದೊಡ್ಡ ಡಾಕ್ಟರು ಒಂಬತ್ತು ಜನ ವಿದ್ಯಾರ್ಥಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ಕಣ್ಣು ಮುಚ್ಚಿ ಕೇಳಿದರು. "ಸೊಗಸಾಗಿದೆ," ಎಂದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಾಗಿ, ಕೇಳಿ, ತಲೆಯಾಡಿಸಿದರು. ಒಬ್ಬನಂತೂ ಬಲಗಡೆಯ ಪಕ್ಕೆಲುಬಿನ ಕೆಳಗೆ, ಹೃದಯವೇ ಇಲ್ಲದ ಕಡೆ ಬಿಲ್ಲೆಯಿಟ್ಟು, "ಸ್ಪಷ್ಟವಾಗಿ ಕೇಳುತ್ತೆ ಸರ್," ಎಂದ. ದೊಡ್ಡ ಡಾಕ್ಟರು ಹೊಸ ಡಾಕ್ಟರ ಬೆನ್ನು ತಟ್ಟಿ ಮುಂದೆ ಹೋದರು. ಹನ್ನೆರಡು ಜನ ಎದೆ ಕೇಳಿದ್ದರು. ಆ ಎದೆಯ ಯಜಮಾನರಿಗೆ ಮಾತ್ರ ಯಾರೂ ಏನನ್ನೂ ಹೇಳಲಿಲ್ಲ.

ಆ ಕೊರತೆಯನ್ನು ತುಂಬಿದವರು ಎಂಟನೇ ಹಾಸಿಗೆಯ ನಿವೃತ್ತ ಕಂಡಕ್ಟರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹದಿನೆಂಟು ದಿನದಿಂದ ಮಲಗಿದ್ದ ಅವರು ವಾರ್ಡಿನ ಪತ್ರಿಕೆಯೂ ಹೌದು, ಪತ್ರಿಕೆ ಹಂಚುವವರೂ ಹೌದು. ಟೈಲರ ಹೆಂಡತಿ ಹಣ್ಣಿನ ಚೀಲ ಹಿಡಿದು ಬಂದದ್ದೇ ಕರೆದು ಹೇಳಿದರು: "ನೋಡಮ್ಮಾ, ನಾನು ಹೇಳಿದೆ ಅನ್ಬೇಡಿ. ನಿಮ್ಮೋರ ಎದೇಲಿ ಏನೋ ಮರ್ಮ ಇದೆಯಂತೆ. ದೊಡ್ಡ ಡಾಕ್ಟರೇ ಪತ್ತೆ ಮಾಡಿದ್ದಾರೆ."

ಆಕೆ ಚೀಲವನ್ನು ನಿಧಾನವಾಗಿ ಕೆಳಗಿಟ್ಟರು.

"ಏನ್ರೀ ಅದು ಮರ್ಮ? ಮೂವತ್ತು ವರ್ಷದಿಂದ ಒಂದೇ ಮನೇಲಿದ್ದೀವಿ. ನನಗೆ ಗೊತ್ತಿಲ್ಲದ್ದು ಏನಿಟ್ಕೊಂಡಿದ್ದೀರಿ ಎದೇಲಿ?"

"ಏನೂ ಇಲ್ಲ ಕಣೇ!"

"ಹನ್ನೆರಡು ಜನ ಕೇಳಿಸಿಕೊಂಡರಂತೆ! ಊರಿಗೆಲ್ಲ ಹೇಳೋದು, ನನಗೊಂದು ಹೇಳಬಾರದಾ?"

ಟೈಲರ್ ಸೂರು ನೋಡಿದರು. ಆಪರೇಷನ್ ಏಕೆ ನಿಂತಿತೆಂದು ಯಾರೂ ಹೇಳದಿದ್ದುದರಿಂದ, ಇದು ಕೊನೆಗಾಲವೇ ಇರಬೇಕೆಂದು ಅವರು ಅಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಕೊನೆಗಾಲದಲ್ಲಿ ಸುಳ್ಳೇಕೆ? "ನಿನ್ನ ತಮ್ಮನ ಮದುವೆ ಕೋಟು," ಎಂದರು ಸಣ್ಣ ದನಿಯಲ್ಲಿ. "ಒಂದು ತೋಳು ಗಿಡ್ಡ ಆಗಿತ್ತಲ್ಲ? ಅವನ ಬಲಗೈಯೇ ಉದ್ದ ಅಂದಿದ್ದೆ. ಉದ್ದ ಇರಲಿಲ್ಲ. ನಾನೇ ತಪ್ಪಾಗಿ ಕತ್ತರಿಸಿದ್ದು."

"ಅಯ್ಯೋ! ಅವನು ಇವತ್ತಿಗೂ ಫೋಟೋ ತೆಗೆಸುವಾಗ ಬಲಗೈ ಹಿಂದಕ್ಕೆ ಇಟ್ಕೊಳ್ತಾನಲ್ರೀ!" ಎಂದರು ಆಕೆ. ನಗುವುದೋ ಅಳುವುದೋ ತಿಳಿಯದೆ ಅಲ್ಲೇ ಸ್ಟೂಲಿನ ಮೇಲೆ ಕೂತು, ಗಂಡನ ಕೈ ಹಿಡಿದುಕೊಂಡು ಅತ್ತರು.

ಹೊಸ ಡಾಕ್ಟರು ಇದನ್ನು ಕಿಟಕಿಯ ಬಳಿಯಿಂದ ನೋಡಿದ. ಬೆಳಗ್ಗೆ ತಟ್ಟಿಸಿಕೊಂಡಿದ್ದ ಬೆನ್ನು ಈಗ ಭಾರವಾಯಿತು. ಪುಸ್ತಕದಲ್ಲಿ ಮರ್ಮರ್ ಎಂದರೆ ಒಂದೂವರೆ ಪುಟ. ಅದರಲ್ಲಿ ಹೀಗೆ ಸ್ಟೂಲಿನ ಮೇಲೆ ಕೂತು ಅಳುವವರ ಚಿತ್ರ ಎಲ್ಲೂ ಇರಲಿಲ್ಲ.

ಊಟದ ಹೊತ್ತಿನಲ್ಲಿ ಡಾಕ್ಟರುಗಳ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಡ್ರಾಪರಿನ ರಬ್ಬರು ಕಣ್ಣಿಗೆ ಬಿತ್ತು. ಕತ್ತರಿಸಿದ ಅಂಚು ಓರೆಯಾಗಿತ್ತು. ಓರೆಯಾದ ಸಂದಿಯಲ್ಲಿ ಗಾಳಿ ನುಸುಳಿದರೆ? ಅಂಗಿಯ ಗುಂಡಿ ಬಿಚ್ಚಿ ತನ್ನದೇ ಎದೆಗೆ ಬಿಲ್ಲೆಯಿಟ್ಟ. ಲಬ್, ಸುಯ್, ಡಬ್.

ಅದೇ ಸದ್ದು! ಇಪ್ಪತ್ತನಾಲ್ಕು ವರ್ಷದ, ಮೂರು ಮಹಡಿಯನ್ನು ಓಡಿ ಹತ್ತುವ ತನ್ನ ಎದೆಯಲ್ಲೂ ಅದೇ ಸದ್ದು. ಅಂದರೆ ಟೈಲರ ಹೃದಯದಲ್ಲಿ ಏನೂ ಇಲ್ಲ, ಇರುವುದೆಲ್ಲ ಈ ರಬ್ಬರಿನಲ್ಲಿ. ಹಾಗಾದರೆ ಸೀನಿಯರ್? ಎರಡು ಸೆಕೆಂಡಿನಲ್ಲಿ ಅವನಿಗೇನು ಕೇಳಿಸಿದ್ದೀತು? ಬರೆದಿತ್ತು, ಒಪ್ಪಿಕೊಂಡ. ಸೀನಿಯರ್ ಹೇಳಿದ, ದೊಡ್ಡ ಡಾಕ್ಟರು ಒಪ್ಪಿಕೊಂಡರು. ವಿದ್ಯಾರ್ಥಿಗಳ ಮಾತು ಬಿಡಿ, ಅವರು ಕಂಬಕ್ಕೆ ಬಿಲ್ಲೆಯಿಟ್ಟರೂ ತಲೆಯಾಡಿಸುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಸತ್ಯ ತಿಳಿದವನು ತಾನೊಬ್ಬನೇ ಎಂದುಕೊಂಡಾಗ ಅವನಿಗೆ ಹೆದರಿಕೆಯಾಯಿತು. ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಓಡಿಹೋಗಿ ಸೀನಿಯರನ್ನು ಮೆಟ್ಟಿಲ ಮೇಲೆ ಹಿಡಿದ. "ಸರ್, ಆ ಮರ್ಮರ್... ನನ್ನ ಸ್ಟೆತಾಸ್ಕೋಪ್ ಸರಿ ಇಲ್ಲ."

"ನಂದು ಸರಿ ಇದೆಯಲ್ಲ," ಎಂದು ಸೀನಿಯರ್ ಎರಡೆರಡು ಮೆಟ್ಟಿಲು ಹಾರಿಕೊಂಡು ಮಾಯವಾದ.

ದೊಡ್ಡ ಸಿಸ್ಟರ್ ಬಳಿ ಬಂದು ಹಾಳೆ ಕೇಳಿದ. "ಬರೆದದ್ದನ್ನ ಅಳಿಸೋ ಹಾಗಿಲ್ಲ," ಎಂದರು ಅವರು, ಹಾಳೆಯ ಮೇಲೆ ಮೊಣಕೈ ಊರಿ. "ಮೂರು ಗಂಟೆಗೆ ಹೃದಯದ ಸ್ಕ್ಯಾನ್ ಇದೆ. ಅಲ್ಲಿ ಗೊತ್ತಾಗುತ್ತೆ, ಸುಮ್ಮನಿರಿ."

ಸುಮ್ಮನಿರಬಹುದಿತ್ತು. ಆದರೆ ಮೂರು ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಆ ಸ್ಟೂಲಿನ ಮೇಲೆ ಆಕೆ ಇನ್ನೂ ಕೂತಿದ್ದರು. ಹೊಸ ಡಾಕ್ಟರು ನೇರ ಹೋಗಿ ಹೇಳಿಯೇಬಿಟ್ಟ: "ಅಮ್ಮಾ, ಅಳಬೇಡಿ. ಇವರಿಗೆ ಏನೂ ಆಗಿಲ್ಲ. ತಪ್ಪು ನನ್ನದು, ನನ್ನ ಈ ಕೊಳವೇದು. ಹೃದಯ ಕಲ್ಲುಗುಂಡು ಇದ್ದ ಹಾಗಿದೆ."

ಟೈಲರ್ ಎದ್ದು ಕೂತರು. "ನಿಜವಾಗ್ಲೂ?"

"ನಿಜವಾಗ್ಲೂ."

ಐದು ನಿಮಿಷದಲ್ಲಿ ಆಸ್ಪತ್ರೆಯ ನಿಲುವಂಗಿ ಮಂಚದ ಮೇಲೆ ಮಡಚಿ ಬಿದ್ದಿತ್ತು. ಟೈಲರ್ ತಮ್ಮದೇ ಪ್ಯಾಂಟಿನಲ್ಲಿ ವಾರ್ಡಿನ ನಡುವೆ ನಿಂತಿದ್ದರು. "ಸ್ಕ್ಯಾನೂ ಬೇಡ, ಗೀನೂ ಬೇಡ. ಡಾಕ್ಟರೇ ಹೇಳಿದ್ರು. ನಡಿಯೇ ಮನೆಗೆ!" ಹೆಂಡತಿ ಹಣ್ಣಿನ ಚೀಲ ಎತ್ತಿಕೊಂಡು, "ಮೊದಲು ನನ್ನ ತಮ್ಮನ ಮನೆಗೆ," ಎಂದರು. ಕಂಡಕ್ಟರು ಅಭ್ಯಾಸಬಲದಿಂದ, "ಹಿಂದಿನ ಬಾಗಿಲಿಂದ ಇಳೀರಿ, ಮುಂದೆ ಸಿಸ್ಟರ್ ಇದ್ದಾರೆ," ಎಂದು ಕೂಗಿದರು. ಅದನ್ನು ಮೊದಲು ಕೇಳಿಸಿಕೊಂಡವರು ಸಿಸ್ಟರೇ. ಬಾಗಿಲಿಗೆ ಅಡ್ಡ ನಿಂತರು. ಟೈಲರ್ ಕೂಗಾಡಿದರು. ಇಪ್ಪತ್ತು ಹಾಸಿಗೆಗಳಲ್ಲಿ ಏಳಬಲ್ಲವರೆಲ್ಲ ಎದ್ದು ಕೂತರು. ಗಲಾಟೆಗೆ ದೊಡ್ಡ ಡಾಕ್ಟರೇ ಇಳಿದು ಬಂದರು, ಹಿಂದೆ ಸೀನಿಯರ್.

"ಏನಿದು?"

ಹೊಸ ಡಾಕ್ಟರು ಮುಂದೆ ಬಂದು ನಿಂತ. ಕೊಡೆ, ಚರಂಡಿ, ಡ್ರಾಪರು ಎಲ್ಲವನ್ನೂ ಹೇಳಿದ. ಕೊನೆಗೆ, "ನನ್ನ ಎದೇಲೂ ಇದು ಅದೇ ಸದ್ದು ಮಾಡುತ್ತೆ ಸರ್. ತಾವೂ... ಅಂದರೆ, ನಾನು ಬರೆದಿದ್ದೆ ಅಂತ ತಾವೂ..." ಎಂದು ತಡವರಿಸಿದ.

ದೊಡ್ಡ ಡಾಕ್ಟರು ಸಿಟ್ಟಾಗಲಿಲ್ಲ. ಕೈ ಚಾಚಿ ಅವನ ಸ್ಟೆತಾಸ್ಕೋಪನ್ನು ತೆಗೆದುಕೊಂಡು ಕಿವಿಗಿಟ್ಟುಕೊಂಡರು. ಕಂಡಕ್ಟರ ಎದೆ ಕೇಳಿದರು. "ಸ್ವಚ್ಛವಾಗಿದೆ." ಹದಿಮೂರನೇ ಹಾಸಿಗೆಯ ಅಜ್ಜನದು ಕೇಳಿದರು. "ಸ್ವಚ್ಛವಾಗಿದೆ." ಟೈಲರದು ಕೇಳಿದರು. "ಇಲ್ಲಿದೆ, ಬೆಳಗ್ಗೆ ಇದ್ದಷ್ಟೇ."

ಆಮೇಲೆ ಹೊಸ ಡಾಕ್ಟರ ಕಡೆ ತಿರುಗಿದರು. "ಅಂಗಿ ಬಿಚ್ಚಿ."

ಅವನ ಎದೆಯನ್ನು ಅವರು ಕೇಳಿದ್ದು ಎರಡು ಸೆಕೆಂಡಲ್ಲ, ಎರಡು ನಿಮಿಷ. ಮೊದಲು ಆ ಡ್ರಾಪರಿನ ರಬ್ಬರಿನಲ್ಲಿ, ಆಮೇಲೆ ತಮ್ಮ ಸ್ವಂತದ್ದರಲ್ಲಿ. ಕಿವಿಯಿಂದ ತೆಗೆದು, "ರಬ್ಬರ್ ಚೆನ್ನಾಗಿದೆ," ಎಂದರು. "ಕಾಲೇಜಲ್ಲಿ ಹುಡುಗರೆಲ್ಲ ಒಬ್ಬರ ಎದೆ ಒಬ್ಬರು ಕೇಳಿ ಕಲೀತಾರಲ್ಲ, ನಿಮ್ಮದನ್ನ ಯಾರೂ ಕೇಳಲಿಲ್ವಾ?"

"ನನಗೆ ಕಚಗುಳಿ ಸರ್. ಯಾರಿಗೂ ಬಿಡ್ತಿರಲಿಲ್ಲ."

"ನೀವಾದ್ರೂ ಕೇಳ್ಕೋಬಾರದಿತ್ತಾ?"

ಅವನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಅಷ್ಟು ವರ್ಷ ಊರವರ ಎದೆಯನ್ನೆಲ್ಲ ಕೇಳುತ್ತ ಬಂದಿದ್ದ. ತನ್ನದೂ ಒಂದು ಇದೆಯೆಂಬುದು ನೆನಪಿಗೇ ಬಂದಿರಲಿಲ್ಲ. ಮರ್ಮರ್ ಇದೆಯೆಂದು ಬೆಳಗಿನಿಂದ ಹೇಳಿದವರೆಲ್ಲ ನಿಜವನ್ನೇ ಹೇಳಿದ್ದರು. ಇಡೀ ದಿನದಲ್ಲಿ ವಾರ್ಡಿನಲ್ಲಿ ತಪ್ಪು ಮಾತು ಆಡಿದವನು, ಅದೂ ಪ್ರಾಮಾಣಿಕವಾಗಿ ಆಡಿದವನು, ತಾನೊಬ್ಬನೇ.

"ಸಿಸ್ಟರ್, ಹತ್ತನೇ ಹಾಸಿಗೆ ಖಾಲಿ ಇದೆಯಲ್ಲ?" ಎಂದರು ದೊಡ್ಡ ಡಾಕ್ಟರು. "ಇವರಿಬ್ಬರಿಗೂ ಸ್ಕ್ಯಾನ್ ಆಗಲಿ." ಹೊಸ ಡಾಕ್ಟರ ತಲೆಯ ಮೇಲಿಂದಲೇ ಸೀನಿಯರ್ ಜೊತೆ ಏನೋ ಮಾತಾಡಿಕೊಂಡು ಹೊರಟುಹೋದರು.

ಕಾಲು ಗಂಟೆಯ ಬಳಿಕ ಹೊಸ ಡಾಕ್ಟರು ನಿಲುವಂಗಿಯಲ್ಲಿ ಮಲಗಿದ್ದ. ದಿಂಬಿನ ಮೇಲಿಂದ ವಾರ್ಡು ಬೇರೆಯೇ ಊರಿನಂತೆ ಕಂಡಿತು. ಓಡಾಡುವವರಿಗೆಲ್ಲ ಗಲ್ಲವಿತ್ತು, ಮೂಗಿನ ಹೊಳ್ಳೆಯಿತ್ತು, ಕಣ್ಣು ಮಾತ್ರ ಇವನತ್ತ ಇರಲಿಲ್ಲ. ಪಕ್ಕದಲ್ಲಿ ಟೈಲರ್ ಮತ್ತೆ ನಿಲುವಂಗಿಗೆ ಮರಳಿದ್ದರು.

"ಡಾಕ್ಟ್ರೇ," ಎಂದರು ಅವರು ಮೆಲ್ಲಗೆ, "ನಿಮಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಇಲ್ಲ."

"ನನಗೂ ಇಲ್ಲ. ಕಲ್ಲುಗುಂಡು ಅಂದ್ರಿ ನೀವು."

"ತಪ್ಪಾಯ್ತು," ಎಂದ ಹೊಸ ಡಾಕ್ಟರು. ಅವರ ಕಡೆ ಮಗ್ಗುಲಾಗಿ, ಆ ದಿನದಲ್ಲಿ ಮೊದಲ ಬಾರಿಗೆ, ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಹೃದಯದೊಳಗಿನ ಬಾಗಿಲುಗಳು, ಅವು ಮುಚ್ಚುವ ರೀತಿ, ಮುಚ್ಚದಿದ್ದರೆ ರಕ್ತ ಹಿಂದಕ್ಕೆ ನುಸುಳುವುದು. ಎಷ್ಟೋ ಜನ ಅದನ್ನು ಇಟ್ಟುಕೊಂಡೇ ಬಾಳುತ್ತಾರೆಂಬುದು. ಎಷ್ಟು ಸಡಿಲವೆಂದು ಸ್ಕ್ಯಾನಿನಲ್ಲಿ ತಿಳಿಯುವವರೆಗೆ ತನಗೂ ಗೊತ್ತಿಲ್ಲವೆಂಬುದು.

ಟೈಲರ್ ಕೇಳಿ ಯೋಚಿಸಿದರು. "ಅಂದ್ರೆ ಕಾಜ ದೊಡ್ಡದಾಗಿ ಗುಂಡಿ ಜಾರಿದ ಹಾಗೆ."

"ಹೌದು. ಅದೇ."

"ಅಷ್ಟೇನಾ? ಬೆಳಗ್ಗೇನೇ ಹೇಳಬಾರದಿತ್ತಾ ಮಹರಾಯ್ರೇ! ಆ ಕೋಟಿನ ಸುದ್ದಿ ನನ್ನ ಹತ್ರಾನೇ ಇರ್ತಿತ್ತು."

ಸ್ಟೂಲಿನ ಮೇಲಿಂದ ಆಕೆ ನಕ್ಕರು. ಹೊಸ ಡಾಕ್ಟರೂ ನಕ್ಕ. ಎದೆಯೊಳಗೆ ಏನೇ ಸುಯ್ ಎನ್ನುತ್ತಿದ್ದರೂ ಅಷ್ಟು ಹೊತ್ತು ಹಗುರವಾಯಿತು.

ಆಗ ಸೀನಿಯರ್ ಎಂದಿನ ಓಟದಲ್ಲಿ ಬಂದು ಒಂದು ಖಾಲಿ ಹಾಳೆಯನ್ನು ಇವನ ಹೊಟ್ಟೆಯ ಮೇಲಿಟ್ಟ. "ಹತ್ತನೇ ಹಾಸಿಗೆಗೆ ಹೊಸ ಪೇಷೆಂಟ್. ಆರು ಗಂಟೆಯೊಳಗೆ ವಿವರ ಕೇಳಿ ಬರೆದಿಡಿ."

"ಸರ್, ಅದು ನಾನೇ."

"ಗೊತ್ತು. ಬೇಗ ಮುಗಿಯುತ್ತೆ. ನಾಳೆ ಎಂಟಕ್ಕೆ ದೊಡ್ಡ ಡಾಕ್ಟರ ಮುಂದೆ ಈ ಕೇಸನ್ನ ನೀವೇ ನಿಂತುಕೊಂಡು ವಿವರಿಸಬೇಕು."

"ಹಾಸಿಗೆ ಬಿಟ್ಟು ಏಳಬಾರದು ಅಂತ ಸಿಸ್ಟರ್ ಅಂದಿದ್ದಾರಲ್ಲ ಸರ್?"

ಸೀನಿಯರ್ ಮೊದಲ ಬಾರಿಗೆ ನಿಂತ. ನಿಂತು ಯೋಚಿಸಿದ.

"ಹಂಗಾದ್ರೆ ಮಲಗಿಕೊಂಡೇ ವಿವರಿಸಿ," ಎಂದು ಹೇಳಿ, ಹನ್ನೊಂದನೇ ಹಾಸಿಗೆಯ ಕಡೆ ಓಡಿದ.